ಕುರಿ ಕೊಯ್ಯುವ ಮುನ್ನ ಪಶುವೈದ್ಯರು ಅದನ್ನು ನೋಡುವುದೇಕೆ? ಮಾಂಸ ನೋಡಿದರೆ ಸಾಲದೇ?

ಹೊಸತೊಡಕು, ಬಕ್ರೀದ್, ಊರಹಬ್ಬ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡುತ್ತದೆ: 'ಒಳ್ಳೆಯ ಮಟನ್ ಗುರುತಿಸುವುದು ಹೇಗೆ?' ಬಣ್ಣ ನೋಡಿ, ಬೆರಳಿನಿಂದ ಒತ್ತಿ ನೋಡಿ, ಮೂಸಿ ನೋಡಿ ಎಂಬ ಸಲಹೆಗಳು ಅದರಲ್ಲಿರುತ್ತವೆ. ಸಲಹೆಗಳು ತಪ್ಪಲ್ಲ. ಆದರೆ ಅವು ತಿಳಿಸುವುದು ಮಾಂಸ ತಾಜಾ ಇದೆಯೇ ಎಂಬುದನ್ನು ಮಾತ್ರ. ಆ ಕುರಿ ನಿನ್ನೆ ಆರೋಗ್ಯವಾಗಿತ್ತೇ, ತನ್ನ ಕಾಲ ಮೇಲೆ ತಾನು ನಿಂತಿತ್ತೇ ಎಂಬುದನ್ನು ಕೊಕ್ಕೆಗೆ ನೇತುಹಾಕಿದ ಮಾಂಸ ನೋಡಿ ಹೇಳಲಾಗದು. ಅದಕ್ಕಾಗಿಯೇ ಕೊಯ್ಯುವ ಮುನ್ನ ಜೀವಂತ ಪ್ರಾಣಿಯನ್ನು ಪಶುವೈದ್ಯರು ಪರೀಕ್ಷಿಸಬೇಕು ಎಂಬ ನಿಯಮವಿದೆ. ಈ ತಪಾಸಣೆ ಏನು, ಏಕೆ, ಅದು ಇಲ್ಲದ ಕಡೆ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಕೆಲವು ರೋಗಗಳ ಲಕ್ಷಣ ಪ್ರಾಣಿ ಬದುಕಿದ್ದಾಗ ಮಾತ್ರ ಕಾಣುತ್ತದೆ. ಕೊಯ್ದ ಮೇಲೆ ಆ ಸುಳಿವು ಸಿಗುವುದಿಲ್ಲ.
• ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಎಷ್ಟೇ ಬೇಯಿಸಿದರೂ ಸುರಕ್ಷಿತ ಎನ್ನಲಾಗದು. ಅದನ್ನು ಕತ್ತರಿಸುವುದೇ ಅಪಾಯ.
• ಹಳ್ಳಿಯ ಗುಡ್ಡೆ ಮಾಂಸಕ್ಕೆ ತರುವ ಕುರಿಯನ್ನು ಸಾಮಾನ್ಯವಾಗಿ ಯಾವ ವೈದ್ಯರೂ ನೋಡಿರುವುದಿಲ್ಲ. ಎಚ್ಚರ ಹೆಚ್ಚು ಬೇಕಾದದ್ದು ಅಲ್ಲೇ.

ನಿಯಮ ಏನು ಹೇಳುತ್ತದೆ?

ಭಾರತದಲ್ಲಿ ಇದಕ್ಕೆ ಎರಡು ಮುಖ್ಯ ಆಧಾರಗಳಿವೆ. ಒಂದು, ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಬಂದ ಕಸಾಯಿಖಾನೆ ನಿಯಮಗಳು. ಇನ್ನೊಂದು, ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಪರವಾನಗಿ ನಿಯಮಗಳು.

2001ರ ನಿಯಮದ ಪ್ರಕಾರ ಪುರಸಭೆ, ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲಿ ಮಾನ್ಯತೆ ಅಥವಾ ಪರವಾನಗಿ ಇರುವ ಕಸಾಯಿಖಾನೆಯಲ್ಲಷ್ಟೇ ಪ್ರಾಣಿ ಕೊಯ್ಯಬಹುದು. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ, ಇವುಗಳನ್ನು ಕೊಯ್ಯುವಂತಿಲ್ಲ. ಪ್ರಾಣಿ ಯೋಗ್ಯ ಸ್ಥಿತಿಯಲ್ಲಿದೆ ಎಂದು ಪಶುವೈದ್ಯರು ಪ್ರಮಾಣಪತ್ರ ಕೊಡಬೇಕು. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಅಂದರೆ ಪ್ರತಿ ಪ್ರಾಣಿಗೆ ಕನಿಷ್ಠ ಐದು ನಿಮಿಷ. ದೂರದಿಂದ ಕಣ್ಣಾಡಿಸಿ ಸಹಿ ಹಾಕುವ ಕೆಲಸ ಇದಲ್ಲ ಎಂಬುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಕರ್ನಾಟಕದ ಮಟ್ಟಿಗೆ ಒಂದು ಮಾತು: 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. ಹಸು, ಕರು, ಎತ್ತು, ಹೋರಿಗಳನ್ನೂ 13 ವರ್ಷದೊಳಗಿನ ಎಮ್ಮೆ-ಕೋಣಗಳನ್ನೂ ಕೊಯ್ಯುವುದು ಇಲ್ಲಿ ಅಪರಾಧ. ಹಾಗಾಗಿ ನಮ್ಮಲ್ಲಿ ಈ ತಪಾಸಣೆ ಎಂದರೆ ಮುಖ್ಯವಾಗಿ ಕುರಿ, ಮೇಕೆ, ಹಂದಿಗಳ ಮಾತು.

ವೈದ್ಯರು ಏನು ನೋಡುತ್ತಾರೆ?

ಮೊದಲು ಪ್ರಾಣಿ ಸುಮ್ಮನೆ ನಿಂತಿರುವಾಗ ನೋಡುತ್ತಾರೆ, ಆಮೇಲೆ ನಡೆಸಿ ನೋಡುತ್ತಾರೆ. ಎರಡೂ ಮಗ್ಗುಲು ಕಾಣಬೇಕು. ಕುಂಟುತ್ತಿದೆಯೇ, ಗುಂಪಿನಿಂದ ದೂರ ನಿಂತಿದೆಯೇ, ತಲೆ ಜೋತುಬಿದ್ದಿದೆಯೇ, ಏದುಸಿರು ಬಿಡುತ್ತಿದೆಯೇ, ಜೊಲ್ಲು ಸುರಿಸುತ್ತಿದೆಯೇ, ಮೂಗು ಸೋರುತ್ತಿದೆಯೇ, ಭೇದಿಯಿಂದ ಹಿಂಭಾಗ ಕೊಳೆಯಾಗಿದೆಯೇ, ಮೈಮೇಲೆ ಗಂಟು, ಗಾಯ, ಬಾವು ಇದೆಯೇ ಎಂದು ಗಮನಿಸುತ್ತಾರೆ. ಅನುಮಾನ ಬಂದರೆ ಜ್ವರ ಅಳೆಯುತ್ತಾರೆ. ಕುರಿಯ ಸಹಜ ಮೈಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಹೆಚ್ಚು. ಕೈಯಿಂದ ಮುಟ್ಟಿ 'ಬಿಸಿ ಇದೆ, ಜ್ವರ' ಎನ್ನುವುದು ನಂಬುವ ಮಾತಲ್ಲ.

ಎಲ್ಲ ಸರಿ ಇದ್ದರೆ ಪ್ರಾಣಿ ಪಾಸ್. ಅನುಮಾನವಿದ್ದರೆ ಗುರುತು ಹಾಕಿ ಬೇರೆ ಕೊಟ್ಟಿಗೆಯಲ್ಲಿ ಇಡುತ್ತಾರೆ. ಚೇತರಿಸಿಕೊಳ್ಳುವಂತಿದ್ದರೆ ಕೊಯ್ಯುವುದನ್ನು ಮುಂದೂಡುತ್ತಾರೆ. ಅಪಾಯಕಾರಿ ರೋಗವಿದ್ದರೆ ಆಹಾರಕ್ಕೆ ಬಿಡುವುದಿಲ್ಲ.

ಕೊಯ್ದ ಮೇಲೆ ಇನ್ನೊಂದು ತಪಾಸಣೆ ಇದೆ. ಪಿತ್ತಜನಕಾಂಗದ ಹುಳು, ಶ್ವಾಸಕೋಶದ ನೀರುಗುಳ್ಳೆ, ಒಳಗಿನ ಕೀವು, ಕ್ಷಯದ ಗಂಟು ಸಿಗುವುದು ಆಗಲೇ. ಎರಡು ತಪಾಸಣೆಗಳು ಬೇರೆ ಬೇರೆ ವಿಷಯ ಹುಡುಕುತ್ತವೆ. ಒಂದು ಮಾಡಿದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಮಾಂಸದಲ್ಲಿ ಕಾಣದ ರೋಗಗಳು

ಹುಚ್ಚುನಾಯಿ ಕಚ್ಚಿದ ಮೇಕೆಯನ್ನೇ ತೆಗೆದುಕೊಳ್ಳಿ. ರೇಬಿಸ್ ಬಂದ ಮೇಕೆಯ ನಡವಳಿಕೆ ಬದಲಾಗುತ್ತದೆ, ಕೂಗು ಬದಲಾಗುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಆದರೆ ಕೊಯ್ದ ಮೇಲೆ ಅದರ ಮಾಂಸದಲ್ಲಿ ಬರಿಗಣ್ಣಿಗೆ ಕಾಣುವ ಗುರುತು ಇರುವುದಿಲ್ಲ. ಜೊಲ್ಲು, ಮೆದುಳು, ನರಗಳನ್ನು ಮುಟ್ಟುವ ಕೈಯಲ್ಲಿ ಗಾಯವಿದ್ದರೆ ಅಪಾಯ. ಧನುರ್ವಾಯುವಿನ ಕಥೆಯೂ ಇಂಥದ್ದೇ: ಸೆಟೆದ ಕಾಲು, ಬಿಗಿದ ದವಡೆ ಬದುಕಿದ್ದಾಗ ಎದ್ದು ಕಾಣುತ್ತವೆ, ಆಮೇಲೆ ಅಲ್ಲ.

ಇನ್ನು ಆಂಥ್ರಾಕ್ಸ್. ನಮ್ಮಲ್ಲಿ ಇದನ್ನು ನೆರಡಿ ರೋಗ ಎಂದೂ ಕರೆಯುತ್ತಾರೆ. ಕುರಿ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಸತ್ತಿರಬಹುದು. ಹೊಟ್ಟೆ ಉಬ್ಬಿರುತ್ತದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯಬಹುದು. ಇಂಥ ಪ್ರಾಣಿಯನ್ನು ಕೊಯ್ದರೆ ರಕ್ತದಲ್ಲಿರುವ ರೋಗಾಣು ಗಾಳಿಗೆ ತೆರೆದುಕೊಂಡು ಗಟ್ಟಿ ಕವಚದ ಬೀಜಕಣವಾಗುತ್ತದೆ. ಅದು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಹಾಗಾಗಿಯೇ ಆಂಥ್ರಾಕ್ಸ್ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆಗೆಂದು ಕೂಡ ಹೆಣವನ್ನು ಸೀಳಬಾರದು ಎನ್ನುತ್ತಾರೆ. ಚರ್ಮ ಸುಲಿದವರ, ಮಾಂಸ ಕತ್ತರಿಸಿದವರ ಕೈಯಲ್ಲಿ ಕಾಣಿಸಿಕೊಳ್ಳುವ ಹುಣ್ಣು ನೋಯುವುದಿಲ್ಲ, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಬೇಗ ಆಸ್ಪತ್ರೆಗೆ ಹೋದರೆ ಔಷಧ ಇದೆ. ಮಾಂಸ ತಿಂದು ಕರುಳಿಗೆ ಬಂದರೆ ಅದು ಇನ್ನೂ ಗಂಭೀರ.

ಎರಡು ದೇಶಗಳ ಪಾಠ

2001ರ ಫೆಬ್ರವರಿ 19ರಂದು ಇಂಗ್ಲೆಂಡಿನ ಎಸೆಕ್ಸ್‌ನ ಒಂದು ಕಸಾಯಿಖಾನೆಯಲ್ಲಿ ಪಶುವೈದ್ಯರು ಎಂದಿನಂತೆ ಕೊಯ್ಯುವ ಮುನ್ನ ಹಂದಿಗಳನ್ನು ನೋಡುತ್ತಿದ್ದರು. ಕೆಲವುಗಳಲ್ಲಿ ಬೊಬ್ಬೆಗಳು ಕಂಡವು. ಮರುದಿನ ಕಾಲುಬಾಯಿ ರೋಗ ಖಚಿತವಾಯಿತು. ರೋಗ ಅದಕ್ಕೂ ಮುಂಚೆಯೇ ನಾರ್ಥಂಬರ್ಲೆಂಡಿನ ಒಂದು ಹಂದಿ ಸಾಕಣೆ ಕೇಂದ್ರದಲ್ಲಿತ್ತು, ಆದರೆ ಯಾರೂ ವರದಿ ಮಾಡಿರಲಿಲ್ಲ. ಅಷ್ಟರಲ್ಲಿ ಅದು ಸಂತೆಗಳ ಮೂಲಕ ಕುರಿಗಳಿಗೆ ಹರಡಿತ್ತು. ಮುಂದೆ ಬ್ರಿಟನ್ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಆ ದಿನ ಆ ತಪಾಸಣೆ ಇಲ್ಲದಿದ್ದರೆ ರೋಗ ಗೊತ್ತಾಗುವುದು ಇನ್ನೂ ತಡವಾಗುತ್ತಿತ್ತು.

ಇನ್ನೊಂದು 2008ರಲ್ಲಿ ಅಮೆರಿಕದಲ್ಲಿ ನಡೆದದ್ದು. ಕ್ಯಾಲಿಫೋರ್ನಿಯಾದ ಕಸಾಯಿಖಾನೆಯೊಂದರಲ್ಲಿ ಎದ್ದು ನಿಲ್ಲಲಾಗದ ಹಸುಗಳನ್ನು ಫೋರ್ಕ್‌ಲಿಫ್ಟ್‌ನಿಂದ ತಳ್ಳಿ ಎಬ್ಬಿಸುತ್ತಿದ್ದ ದೃಶ್ಯ ರಹಸ್ಯ ಕ್ಯಾಮೆರಾದಲ್ಲಿ ಸೆರೆಯಾಯಿತು. ತಪಾಸಣೆಯಲ್ಲಿ ಪಾಸಾದ ಮೇಲೆ ಕುಸಿದುಬಿದ್ದ ಹಸುಗಳನ್ನು ಮತ್ತೆ ವೈದ್ಯರಿಗೆ ತೋರಿಸಿರಲಿಲ್ಲ. ನಿಲ್ಲಲಾಗದಿರುವುದು ಹುಚ್ಚು ಹಸು ರೋಗದ ಲಕ್ಷಣವೂ ಆಗಿರಬಹುದು. ಕೊನೆಗೆ 14.3 ಕೋಟಿ ಪೌಂಡ್, ಅಂದರೆ ಸುಮಾರು 6.5 ಕೋಟಿ ಕೆ.ಜಿ. ಮಾಂಸವನ್ನು ಮಾರುಕಟ್ಟೆಯಿಂದ ವಾಪಸ್ ಕರೆಯಬೇಕಾಯಿತು. ಅದರಲ್ಲಿ ಬಹುಪಾಲು ಅಷ್ಟರಲ್ಲಾಗಲೇ ಜನರ ಹೊಟ್ಟೆ ಸೇರಿತ್ತು. 2009ರಲ್ಲಿ ಅಮೆರಿಕ, ಎದ್ದು ನಿಲ್ಲಲಾಗದ ಹಸುವನ್ನು ಆಹಾರಕ್ಕೆ ಬಳಸುವುದನ್ನೇ ನಿಷೇಧಿಸಿತು.

ವಿಶ್ರಾಂತಿ ಏಕೆ ಬೇಕು?

ತಪಾಸಣೆಯ ನಂತರ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕು ಎಂದು 2001ರ ನಿಯಮ ಹೇಳುತ್ತದೆ. ಇದು ದಯೆಯ ಮಾತಷ್ಟೇ ಅಲ್ಲ. ಆರಾಮವಾಗಿರುವ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸ ಸ್ವಲ್ಪ ಹುಳಿಯಾಗುತ್ತದೆ, ಇದರಿಂದ ರೋಗಾಣುಗಳ ಬೆಳವಣಿಗೆ ನಿಧಾನವಾಗುತ್ತದೆ. ಲಾರಿಯಲ್ಲಿ ಕಿಕ್ಕಿರಿದು, ನೀರಿಲ್ಲದೆ, ಹೆದರಿ ಬಂದ ಪ್ರಾಣಿಯಲ್ಲಿ ಆ ದಾಸ್ತಾನು ಖಾಲಿಯಾಗಿರುತ್ತದೆ. ಅದರ ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ.

ನಂಬಿಕೆ ಮತ್ತು ನಿಜ

'ಚೆನ್ನಾಗಿ ಬೇಯಿಸಿದರೆ ಎಲ್ಲ ರೋಗವೂ ಹೋಗುತ್ತೆ.' ಅರ್ಧ ನಿಜ. ಬಹುಪಾಲು ರೋಗಾಣುಗಳು ಸಾಯುತ್ತವೆ. ಆದರೆ ಆಂಥ್ರಾಕ್ಸ್ ಬೀಜಕಣ ಸಾಮಾನ್ಯ ಕುದಿತವನ್ನು ತಾಳಿಕೊಳ್ಳಬಲ್ಲದು. ಅದಕ್ಕಿಂತ ಮುಖ್ಯವಾಗಿ, ಮಾಂಸ ಪಾತ್ರೆಗೆ ಬೀಳುವ ಮುಂಚೆಯೇ ಕತ್ತರಿಸಿದವರ ಕೈಗೆ, ಚಾಕುವಿಗೆ, ಮಣೆಗೆ ರೋಗಾಣು ತಗುಲಿರುತ್ತದೆ.

'ಇಂಜೆಕ್ಷನ್ ಕೊಟ್ಟ ಕುರಿಯಾದರೇನು, ಔಷಧಿ ತಾನೇ?' ಔಷಧಿ ದೇಹದಿಂದ ಹೊರಹೋಗಲು ಸಮಯ ಬೇಕು. ಎಷ್ಟು ದಿನ ಕಾಯಬೇಕೆಂದು ಲೇಬಲ್ ಮೇಲೆ ಇರಬೇಕು. ಇಲ್ಲದಿದ್ದರೆ ಮಾಂಸಕ್ಕೆ ಕನಿಷ್ಠ 28 ದಿನ, ಹಾಲು ಮತ್ತು ಮೊಟ್ಟೆಗೆ 7 ದಿನ ಎಂಬ ನಿಯಮ 2012ರಿಂದ ಇದೆ. ಬೇಯಿಸಿದರೆ ಔಷಧಿಯ ಅಂಶ ಪೂರ್ತಿ ಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ.

'ಚರ್ಮಗಂಟು ರೋಗ ಮನುಷ್ಯರಿಗೂ ಬರುತ್ತೆ.' ಸುಳ್ಳು. ಈ ವೈರಸ್ ಮನುಷ್ಯರಿಗೆ ಹರಡುವುದಿಲ್ಲ.

'ಹಲಾಲ್ ಆದರೆ ಸುರಕ್ಷಿತ', 'ಜಟ್ಕಾ ಆದರೆ ಸುರಕ್ಷಿತ.' ಎರಡೂ ಕೊಯ್ಯುವ ವಿಧಾನಗಳು. ರೋಗದ ತಪಾಸಣೆ ಬೇರೆಯೇ ವಿಷಯ, ಎರಡಕ್ಕೂ ಅದು ಬೇಕು.

ಹಾಗಾದರೆ ನಾವು ಏನು ಮಾಡಬೇಕು?

ಊರಲ್ಲಿ: ಚೀಟಿ ಹಾಕಿ ಗುಡ್ಡೆ ಮಾಂಸಕ್ಕೆ ಕುರಿ ತರುವವರು ಹಬ್ಬದ ಬೆಳಗಿನ ಜಾವ ತರುವ ಬದಲು ಒಂದು ದಿನ ಮುಂಚೆ ತನ್ನಿ. ನೆರಳು, ನೀರು ಕೊಡಿ. ನಡೆಸಿ ನೋಡಿ. ಮೆಲುಕು ಹಾಕುತ್ತಿದೆಯೇ ಗಮನಿಸಿ. ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಇತ್ತೀಚೆಗೆ ಇಂಜೆಕ್ಷನ್ ಕೊಟ್ಟಿದ್ದೀರಾ? ನಾಯಿ ಕಚ್ಚಿತ್ತಾ? ಇದೇ ಮಂದೆಯಲ್ಲಿ ಬೇರೆ ಕುರಿ ದಿಢೀರನೆ ಸತ್ತಿದೆಯಾ? ಇದು ವೈದ್ಯರ ತಪಾಸಣೆಗೆ ಸಮವಲ್ಲ. ಹತ್ತಿರದ ಪಶು ಆಸ್ಪತ್ರೆಯವರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು.

ಪೇಟೆಯಲ್ಲಿ: ಎಲ್ಲಿ ಕೊಯ್ದದ್ದು ಎಂದು ಅಂಗಡಿಯವರನ್ನು ಕೇಳಿ. ಅಂಗಡಿಯಲ್ಲಿ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೇ ನೋಡಿ. ತಪಾಸಣೆಯ ಮೊಹರು ಇಡೀ ಮಾಂಸದ ಮೇಲಿರುತ್ತದೆ, ತುಂಡು ಮಾಡಿದ ಮೇಲೆ ಹುಡುಕಿದರೆ ಸಿಗದು.

ಎಲ್ಲೇ ಆಗಲಿ: ತಾನಾಗಿ ಸತ್ತ ಅಥವಾ ಸಾಯುತ್ತಿದೆ ಎಂದು ಅವಸರದಲ್ಲಿ ಕೊಯ್ದ ಕುರಿಯ ಮಾಂಸ ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ನಿಮ್ಮ ಮಂದೆಯಲ್ಲೇ ಕುರಿ ದಿಢೀರನೆ ಸತ್ತರೆ ಸುಲಿಯಬೇಡಿ, ಸೀಳಬೇಡಿ, ನಾಯಿಗೂ ಹಾಕಬೇಡಿ. ಪಶುಪಾಲನಾ ಇಲಾಖೆಯವರಿಗೆ ತಿಳಿಸಿ. ಮನೆಬಾಗಿಲಿಗೆ ಬರುವ ಪಶು ಸಂಜೀವಿನಿ ಸೇವೆಯ ಸಂಖ್ಯೆ 1962. ಅಂಥ ಕುರಿಯನ್ನು ಮುಟ್ಟಿದವರ ಕೈಯಲ್ಲಿ ನೋವಿಲ್ಲದ ಕಪ್ಪು ಹುಣ್ಣು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕುರಿಯ ವಿಷಯವನ್ನೂ ವೈದ್ಯರಿಗೆ ಹೇಳಿ. ಮಟನ್ ಆರಿಸುವ ಸಂದೇಶ ಈ ಬಾರಿ ನಿಮಗೂ ಬಂದರೆ, ಮುಂದೆ ಕಳಿಸುವ ಮುನ್ನ ಈ ಕೊನೆಯ ಮಾತುಗಳನ್ನು ಅದಕ್ಕೆ ಸೇರಿಸಿ.