ಹೆಂಚು ಇಳಿದು ಶೀಟು ಏರಿದ ಮೇಲೆ: ತೆಂಗಿನ ಸೀಮೆಯ ಮನೆಗಳೂ ಬಿರುಗಾಳಿಯೂ

ಚಂಡಮಾರುತವೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಟೀವಿಯಲ್ಲಿ ನೋಡುವ ಸಂಗತಿ. ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ಇಲ್ಲಿಗೆ ಮುಟ್ಟುವಷ್ಟರಲ್ಲಿ ಕಸುವು ಕಳೆದುಕೊಂಡು ಜಡಿಮಳೆಯಾಗಿರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ 'ಫೆಂಗಲ್' ದಕ್ಷಿಣ ಒಳನಾಡಿಗೆ ತಂದದ್ದು ಮೋಡ, ಚಳಿ ಮತ್ತು ಮಳೆಯನ್ನು. ಮನೆಯ ಮಾಡು ಹಾರಿಸುವ ಗಾಳಿ ಈ ಸೀಮೆಗೆ ಬರುವುದು ಬೇರೆ ಕಾಲದಲ್ಲಿ. ಯುಗಾದಿ ಕಳೆದು ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ, ಮಧ್ಯಾಹ್ನದ ಧಗೆ ಇಳಿಯುವ ಹೊತ್ತಿಗೆ ಅದು ಏಳುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ಹೆಸರಿಲ್ಲ, ಐದು ದಿನ ಮೊದಲೇ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ.

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂದು ರೈತ ಕಾಯುವ ಮಳೆಯೇ ಈ ಗಾಳಿಯನ್ನೂ ಕರೆತರುತ್ತದೆ. ಕಾದ ನೆಲದಿಂದ ಏರಿದ ತೇವದ ಗಾಳಿ ಹತ್ತು ಕಿಲೋಮೀಟರಿಗೂ ಎತ್ತರದ ಗುಡುಗು ಮೋಡವಾಗುತ್ತದೆ. ಮಳೆಯ ಜೊತೆ ತಂಪಾದ ಗಾಳಿ ಆ ಮೋಡದಿಂದ ಕೆಳಕ್ಕೆ ಧುಮುಕಿ, ನೆಲಕ್ಕೆ ಅಪ್ಪಳಿಸಿ, ಸುತ್ತಲೂ ಹರಡುತ್ತದೆ. ಮಳೆಗೆ ಮೊದಲು ಮುಖಕ್ಕೆ ಹೊಡೆಯುವ ತಣ್ಣನೆಯ ಗಾಳಿ ಅದೇ. ಒಂದು ಊರಿನಲ್ಲಿ ಮರಗಳು ಮಲಗಿರುತ್ತವೆ, ಎರಡು ಮೈಲಿ ಆಚೆ ಎಲೆಯೂ ಅಲ್ಲಾಡಿರುವುದಿಲ್ಲ.

ಇಂಥ ಗಾಳಿಗೆ ಮನೆಯನ್ನು ಸಜ್ಜುಗೊಳಿಸುವ ತಿಳಿವಳಿಕೆ ಕಳೆದ ನೂರೈವತ್ತು ವರ್ಷಗಳಲ್ಲಿ ಮಾಡು, ಮರ, ಮುನ್ಸೂಚನೆ, ಪರಿಹಾರ ಎಂಬ ನಾಲ್ಕು ದಾರಿಗಳಲ್ಲಿ ಬೆಳೆದಿದೆ. ಮುನ್ಸೂಚನೆ ಬಹಳ ಮುಂದೆ ಹೋಗಿದೆ, ಪರಿಹಾರವೂ ಒಂದಿಷ್ಟು ಹೆಜ್ಜೆ ಹಾಕಿದೆ. ಹಿಂದೆ ಬಿದ್ದಿರುವುದು ಮಾಡು.

ವರ್ಷಕ್ಕೊಮ್ಮೆ ಕೈಯಾಡಿಸುತ್ತಿದ್ದ ಕಾಲ

ಹಿಂದೆ ಬಡವರ ಮನೆಗೆ ತೆಂಗಿನ ಸೋಗೆಯ ಹೊದಿಕೆ, ಉಳ್ಳವರ ತೊಟ್ಟಿ ಮನೆಗೆ ನಾಡಹೆಂಚು. ಎರಡಕ್ಕೂ ಆಯುಸ್ಸು ಕಡಿಮೆ. ಸೋಗೆಯನ್ನು ಬೇಸಿಗೆಯಲ್ಲಿ ಬದಲಿಸಲೇಬೇಕು. ನಾಡಹೆಂಚನ್ನು ಮಳೆಗಾಲಕ್ಕೆ ಮೊದಲು ಕೈಯಾಡಿಸಬೇಕು, ಅಂದರೆ ಸರಿದದ್ದನ್ನು ಕೂರಿಸಿ, ಒಡೆದದ್ದನ್ನು ತೆಗೆದು ಹೊಸದು ಹಾಕಿ, ಗೆದ್ದಲು ಹಿಡಿದ ಗಳುವನ್ನು ಬದಲಿಸಬೇಕು. ಬಿರುಗಾಳಿಗೆಂದು ಯಾರೂ ಪ್ರತ್ಯೇಕವಾಗಿ ತಯಾರಾಗುತ್ತಿರಲಿಲ್ಲ, ಆದರೆ ಗಾಳಿಯ ಕಾಲ ಶುರುವಾಗುವ ಮುನ್ನ ಪ್ರತಿ ವರ್ಷವೂ ಯಾರಾದರೊಬ್ಬರು ಮಾಡಿನ ಮೇಲೆ ಹತ್ತಿ ನೋಡಿರುತ್ತಿದ್ದರು.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅಲ್ಲಿಂದ ಹರಡಿದ ಮಂಗಳೂರು ಹೆಂಚು ಘಟ್ಟ ಹತ್ತಿ ಬಯಲುಸೀಮೆಗೂ ಬಂತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚಿಗೆ ಕಡಿದಾದ ಇಳಿಜಾರು ಬೇಕು, ಚೌಕಟ್ಟಿಗೆ ಗಟ್ಟಿ ತೊಲೆ, ರೀಪು ಬೇಕು. ಅನೇಕ ಬಗೆಯ ಹೆಂಚುಗಳ ಕೆಳಗಿನ ಮೂತಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ತಂತಿ ಪೋಣಿಸಿ ರೀಪಿಗೆ ಕಟ್ಟಲಿ ಎಂದೇ ಆ ತೂತು. ಗಾಳಿಗೆ ಮೊದಲು ಏಳುವುದು ಸೂರಿನಂಚಿನ ಸಾಲು ಮತ್ತು ನೆತ್ತಿಯ ಸಾಲು. ಆ ಎರಡನ್ನು ಕಟ್ಟಿದರೆ ಅಥವಾ ಗಾರೆ ಹಾಕಿ ಕೂರಿಸಿದರೆ ನಡುವಿನದು ತನ್ನ ಭಾರಕ್ಕೇ ನಿಲ್ಲುತ್ತದೆ.

ಈ ಸೀಮೆಯಲ್ಲಿ ಮಾಡಿಗೆ ಇನ್ನೊಂದು ಹೊಣೆಯೂ ಇದೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ, ಎಂಟರಿಂದ ಹನ್ನೆರಡು ತಿಂಗಳು ಅಲ್ಲೇ ಬಿಟ್ಟು, ನೀರು ಇಂಗಿ ಒಳಗಿನ ತಿರುಳು ಚಿಪ್ಪು ಬಿಟ್ಟು ಗಲಗಲ ಎನ್ನುವಂತಾದ ಮೇಲೆ ಸುಲಿದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಅಂದರೆ ಮನೆಯ ಒಂದು ವರ್ಷದ ದುಡಿಮೆ ಮಾಡಿನ ಕೆಳಗೇ ಕೂತಿರುತ್ತದೆ. 2025ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಮಾಡು ಸೋರಿ ಅಟ್ಟ ನೆನೆದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಬಿದ್ದುಹೋಗುತ್ತದೆ.

ಶೀಟು ಬಂದ ಮೇಲೆ

ಹೆಂಚು ಕೈಯಾಡಿಸುವ ಆಳು ಸಿಗದಾಯಿತು, ಮರದ ಬೆಲೆ ಏರಿತು, ಕೋತಿಗಳ ಹಾವಳಿ ಹೆಚ್ಚಿತು. ಉಳ್ಳವರು ತಾರಸಿ ಹಾಕಿಸಿದರು. ತಾರಸಿ ಮನೆಗೆ ಬಿರುಗಾಳಿಯ ಭಯ ಕಡಿಮೆ. ಅದು ಎಟುಕದವರು ಕಲ್ನಾರು ಶೀಟು, ಸಿಮೆಂಟ್ ಶೀಟು, ಆಮೇಲೆ ತಗಡಿಗೆ ಹೋದರು. ಇಂದು ತಾರಸಿ ಮನೆಯವರ ಕೊಬ್ಬರಿ ಶೆಡ್ಡಿಗೂ, ದನದ ಕೊಟ್ಟಿಗೆಗೂ ತಗಡೇ ಮಾಡು.

ತಗಡಿನ ತೊಂದರೆ ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಂಟೆಗೆ 72 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 24 ಕೆ.ಜಿ.ಯಷ್ಟು ಒತ್ತಡ ಹಾಕಬಲ್ಲದು. ಇಳಿಜಾರು ಕಡಿಮೆಯಿರುವ ಮಾಡಿನ ಮೇಲೆ ಹಾಯುವಾಗ ಈ ಬಲ ಮಾಡನ್ನು ಅದುಮುವುದಿಲ್ಲ, ಮೇಲಕ್ಕೆ ಹೀರುತ್ತದೆ. ಅಂಚುಗಳಲ್ಲಿ, ಮೂಲೆಗಳಲ್ಲಿ ಈ ಸೆಳೆತ ಇನ್ನೂ ಹೆಚ್ಚು. ಮಂಗಳೂರು ಹೆಂಚಿನ ಮಾಡು ಚದರ ಮೀಟರಿಗೆ ಸುಮಾರು 40 ಕೆ.ಜಿ. ತೂಗಿದರೆ ತೆಳು ತಗಡು ತೂಗುವುದು ನಾಲ್ಕೈದು ಕೆ.ಜಿ. ಹೆಂಚು ತನ್ನ ತೂಕದಿಂದ ನಿಂತಂತೆ ತಗಡು ನಿಲ್ಲಲಾರದು. ಅದನ್ನು ಹಿಡಿದಿಡುವುದು ಮೊಳೆ, ಸ್ಕ್ರೂ, ಜೆ-ಹುಕ್ಕುಗಳು ಮಾತ್ರ.

ಕೊಬ್ಬರಿ ಶೆಡ್ಡಿನ ಪಾಡು ಇನ್ನೂ ಕಷ್ಟ. ಕಾಯಿಗೆ ಗಾಳಿ ಆಡಲೆಂದು ಪಕ್ಕಗಳಿಗೆ ಗೋಡೆಯ ಬದಲು ಜಾಲರಿ ಬಿಟ್ಟಿರುತ್ತಾರೆ. ಬಿರುಗಾಳಿ ಆ ಜಾಲರಿಯಿಂದ ಒಳನುಗ್ಗಿ ತಗಡನ್ನು ಕೆಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಸೆಳೆಯುತ್ತದೆ. ಎರಡೂ ಬಲ ಕೂಡಿದಾಗ ಕಂಬಕ್ಕೆ ಬಿಗಿಯದ ಚೌಕಟ್ಟು ಶೀಟುಗಳ ಸಮೇತ ಏಳುತ್ತದೆ. ಮಾಡು ಹಾರದಿರಲೆಂದು ಶೀಟಿನ ಮೇಲೆ ಕಲ್ಲು ಹೇರುವ ರೂಢಿ ಎಲ್ಲೆಡೆ ಇದೆ. ಗಾಳಿ ಜೋರಾದಾಗ ಶೀಟಿನ ಜೊತೆ ಆ ಕಲ್ಲೂ ಬೀಳುತ್ತದೆ, ಕೆಳಗಿದ್ದವರ ತಲೆಗೆ ಅದೇ ಅಪಾಯ.

ಕಟ್ಟಡಗಳು ತಡೆಯಬೇಕಾದ ಗಾಳಿಯ ಲೆಕ್ಕಕ್ಕೆ ದೇಶದಲ್ಲಿ ಐಎಸ್ 875ರ ಮೂರನೇ ಭಾಗವೇ ಪ್ರಮಾಣ. 1987ರಲ್ಲಿ ಪರಿಷ್ಕರಿಸಿದ ಇದನ್ನು 2015ರಲ್ಲಿ ಮತ್ತೆ ತಿದ್ದಿದರು. ಅದರ ನಕ್ಷೆಯಲ್ಲಿ ಚೆನ್ನೈಗೆ ಸೆಕೆಂಡಿಗೆ 50 ಮೀಟರ್, ಮಂಗಳೂರಿಗೆ 39, ಬೆಂಗಳೂರಿಗೆ 33. ನಮ್ಮ ತೆಂಗಿನ ಸೀಮೆಯೂ ಬೆಂಗಳೂರಿನ ಸಾಲಿನಲ್ಲೇ, ಅಂದರೆ ದೇಶದ ಅತಿ ಕಡಿಮೆ ಗಾಳಿಯ ವಲಯದಲ್ಲಿ ಬರುತ್ತದೆ. 'ಕಡಿಮೆ' ಎಂದಿದ್ದರೂ 33 ಮೀಟರ್ ಎಂದರೆ ಗಂಟೆಗೆ ಸುಮಾರು 119 ಕಿ.ಮೀ. ಐವತ್ತು ವರ್ಷಕ್ಕೊಮ್ಮೆ ಅಂಥ ಹೊಡೆತ ಬೀಳಬಹುದೆಂಬ ಲೆಕ್ಕದ ಮೇಲೆ ನಿಂತ ಸಂಖ್ಯೆ ಅದು. ಎಂಜಿನಿಯರು ನಕ್ಷೆ ಬರೆದ ಕಟ್ಟಡಕ್ಕೆ ಈ ಲೆಕ್ಕ ಅನ್ವಯವಾಗುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯವರು ಕಣ್ಣಳತೆಯಲ್ಲಿ ನಿಲ್ಲಿಸುವ ಶೆಡ್ಡಿನ ಬಳಿಗೆ ಅದು ಇನ್ನೂ ಬಂದಿಲ್ಲ.

ತಲೆಯ ಮೇಲಿನ ಮರ

ತೆಂಗು ಗಾಳಿಗೆ ಬಗ್ಗುವ ಮರ. ತಾಯಿಬೇರಿಲ್ಲದಿದ್ದರೂ ಬುಡದ ಸುತ್ತ ಹರಡುವ ಸಾವಿರಾರು ನಾರುಬೇರುಗಳು ಅದನ್ನು ಹಿಡಿದಿರುತ್ತವೆ. ಆರೋಗ್ಯವಾಗಿರುವ ಮರ ಸುಮ್ಮನೆ ಉರುಳುವುದಿಲ್ಲ. ಆದರೆ ಬಲ ಮಿತಿ ಮೀರಿದರೆ ತೆಂಗೂ ತಡೆಯದು. ಗಂಟೆಗೆ 100 ಕಿ.ಮೀ. ಮೀರಿದ ಗಾಳಿಯೊಂದಿಗೆ 2018ರ ನವೆಂಬರ್ 16ರಂದು ನಾಗಪಟ್ಟಣಂ–ವೇದಾರಣ್ಯಂ ನಡುವೆ ದಡ ಸೇರಿದ 'ಗಜ' ಚಂಡಮಾರುತ ತಂಜಾವೂರು, ಪಟ್ಟುಕ್ಕೋಟ್ಟೈ, ಪೇರಾವೂರಣಿ ಕಡೆಯ ತೋಟಗಳನ್ನು ಸಾಲುಸಾಲಾಗಿ ಮಲಗಿಸಿತು.

ನಮ್ಮಲ್ಲಿ ಮರ ಬೀಳಲು ಗಾಳಿಯ ಜೊತೆ ರೋಗವೂ ಕಾರಣ. ಅಣಬೆ ರೋಗ ಬೇರನ್ನೂ ಬುಡವನ್ನೂ ಕೊಳೆಸುತ್ತದೆ, ಕಾಂಡ ಸೋರುವ ರೋಗ ಕಾಂಡವನ್ನು ಟೊಳ್ಳು ಮಾಡುತ್ತದೆ, ಕೆಂಪು ಮೂತಿ ಹುಳು ಒಳಗಿನಿಂದ ತಿನ್ನುತ್ತದೆ. ಕಳೆದ ದಶಕದ ಬರಗಳಲ್ಲಿ ಕೊಳವೆಬಾವಿ ಬತ್ತಿ ಸೊರಗಿದ ಮರಗಳಿಗೆ ಈ ಪೀಡೆಗಳು ಸುಲಭವಾಗಿ ತಗುಲಿದವು. ಹೊರಗೆ ಹಸಿರಾಗಿದ್ದು ಬುಡ ಟೊಳ್ಳಾಗಿರುವ ಮರ ಮನೆಯ ಮಗ್ಗುಲಲ್ಲಿದ್ದರೆ ಅದೇ ದೊಡ್ಡ ಅಪಾಯ. ಬುಡದಲ್ಲಿ ಅಣಬೆ ಕಂಡರೆ, ಕಂದು ದ್ರವ ಸೋರಿದ ಗುರುತಿದ್ದರೆ, ಕಾಂಡ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅನುಮಾನ ಪಡಲೇಬೇಕು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡು, ಅರಸೀಕೆರೆಯ ತೆಂಗು ಸಂಶೋಧನಾ ಕೇಂದ್ರ, ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಗಳಿಂದ ಇಂದು ರೋಗದ ಬಗ್ಗೆ ಸಲಹೆ ಸಿಗುತ್ತದೆ. ಆದರೆ ತೋಟದ ರೋಗವನ್ನು ಇಳುವರಿಯ ಲೆಕ್ಕದಲ್ಲಿ ನೋಡುವುದೇ ರೂಢಿ, ಮನೆಯ ಸುರಕ್ಷತೆಯ ಲೆಕ್ಕದಲ್ಲಿ ನೋಡುವವರು ಅಪರೂಪ.

ಮರ ಬೀಳದಿದ್ದರೂ ಕಾಯಿ ಬೀಳುತ್ತದೆ. 18 ಮೀಟರ್ ಎತ್ತರದಿಂದ ಕಳಚಿದ ಕಾಯಿ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 65 ಕಿ.ಮೀ. ದಾಟಿರುತ್ತದೆ. ಹೆಂಚು, ಸಿಮೆಂಟ್ ಶೀಟು ಎರಡೂ ಅದಕ್ಕೆ ಒಡೆಯುತ್ತವೆ. ಒಣಗಿದ ಗರಿ ವಿದ್ಯುತ್ ತಂತಿಯ ಮೇಲೆ ಬಿದ್ದರೆ ಇಡೀ ಬೀದಿ ಕತ್ತಲು. ಗಾಳಿಯ ಕಾಲಕ್ಕೆ ಮೊದಲು ಮನೆ, ಕೊಟ್ಟಿಗೆ, ವಿದ್ಯುತ್ ಟ್ರಾನ್ಸ್‌ಫಾರ್ಮರ್ ಸುತ್ತಲಿನ ಮರಗಳ ಒಣಗರಿ, ಬಲಿತ ಗೊನೆಗಳನ್ನು ದೋಟಿಯಿಂದಲೋ ಮರ ಹತ್ತಿಸಿಯೋ ಇಳಿಸಿಬಿಡಬೇಕು. ಹತ್ತುವವರ ಕೊರತೆ ನೀಗಿಸಲು ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ಮೂಲಕ ಮರ ಹತ್ತುವ ತರಬೇತಿ ನಡೆಸುತ್ತ ಬಂದಿದೆ.

ತಂತಿಯಿಂದ ಮೊಬೈಲಿಗೆ

1864ರಲ್ಲಿ ಕೋಲ್ಕತ್ತವನ್ನು ನುಚ್ಚುನೂರು ಮಾಡಿದ ಚಂಡಮಾರುತದ ನಂತರ ಬಂದರುಗಳಿಗೆ ತಂತಿಯ ಮೂಲಕ ಎಚ್ಚರಿಕೆ ಕಳಿಸುವ ಏರ್ಪಾಡು ಶುರುವಾಯಿತು, 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಹವಾಮಾನದ ವೀಕ್ಷಣೆಯನ್ನು ವ್ಯವಸ್ಥಿತವಾಗಿ ನೆಲೆಗೊಳಿಸಿದರು. ಉಪಗ್ರಹ, ರೇಡಾರ್‌ಗಳು ಬಂದ ಮೇಲೆ ಕರಾವಳಿಯ ಚಿತ್ರವೇ ಬದಲಾಯಿತು. 1999ರಲ್ಲಿ ಒಡಿಶಾದ ಮಹಾ ಚಂಡಮಾರುತಕ್ಕೆ ಸತ್ತವರು ಸುಮಾರು ಹತ್ತು ಸಾವಿರ. ಅದೇ ರಾಜ್ಯ 2013ರಲ್ಲಿ 'ಫೈಲಿನ್' ಬರುವ ಮುನ್ನ ಲಕ್ಷಾಂತರ ಜನರನ್ನು ಸ್ಥಳಾಂತರಿಸಿತು. ಸಾವು ಕೆಲವು ಹತ್ತುಗಳಲ್ಲಿ ನಿಂತಿತು.

ಒಳನಾಡಿನ ಬಿರುಗಾಳಿಗೆ ಆ ಬಗೆಯ ಬಿಡುವು ಸಿಗದು. ಇಲ್ಲಿ ನೆರವಾಗುವುದು ಮೂರು ಗಂಟೆಯ ತುರ್ತು ಮುನ್ಸೂಚನೆ. 1988ರಲ್ಲಿ ಬರ ನಿಗಾ ಕೇಂದ್ರವಾಗಿ ಆರಂಭವಾದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಹಬ್ಬಿಸಿದೆ. ಅದರ 'ವರುಣಮಿತ್ರ' ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ವಿಚಾರಿಸಬಹುದು. ಸಿಡಿಲಿಗೆ ಅದೇ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಪುಣೆಯ ಸಂಸ್ಥೆಯ 'ದಾಮಿನಿ' ಇದೆ. ಎತ್ತರದ ತೆಂಗಿನ ಮರಗಳ ನಡುವೆ ಬದುಕುವವರಿಗೆ ಇದು ಸಣ್ಣ ಮಾತಲ್ಲ. ಗುಡುಗುವಾಗ ತೆಂಗಿನ ಬುಡ ಸೇರಿದವನಿಗೆ ಸಿಡಿಲಿನ ಅಪಾಯವೂ ಉಂಟು, ಕಾಯಿಯ ಅಪಾಯವೂ ಉಂಟು. ಆದರೆ ಒಂದು ಗಂಟೆಯ ಎಚ್ಚರಿಕೆಯಲ್ಲಿ ದನ ಕಟ್ಟಬಹುದು, ಮಕ್ಕಳನ್ನು ಒಳಗೆ ಕರೆಯಬಹುದು. ಮಾಡು ಬಿಗಿಯಲು ಆಗುವುದಿಲ್ಲ.

ಬಿದ್ದ ಮೇಲೆ ಸಿಗುವುದು

ಮನೆ ಪೂರ್ತಿ ಬಿದ್ದರೆ ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ. 2019ರ ನೆರೆಯ ಸಮಯದಲ್ಲಿ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಪೂರ್ಣ ಹಾನಿಗೆ 5 ಲಕ್ಷ ಘೋಷಿಸಿತ್ತು. ಮರಕ್ಕೆ ತೆಂಗು ಅಭಿವೃದ್ಧಿ ಮಂಡಳಿಯ ವಿಮೆ 2009-10ರಲ್ಲಿ ಪ್ರಾಯೋಗಿಕವಾಗಿ ಬಂತು. ಅದರ ಪರಿಷ್ಕೃತ ದರದಂತೆ 4ರಿಂದ 15 ವರ್ಷದ ಮರಕ್ಕೆ 900 ರೂಪಾಯಿ, 16ರಿಂದ 60 ವರ್ಷದ ಮರಕ್ಕೆ 1,750 ರೂಪಾಯಿ. ಕಂತಿನಲ್ಲಿ ರೈತ ಕಟ್ಟಬೇಕಾದದ್ದು ಕಾಲು ಭಾಗ ಮಾತ್ರ, ಉಳಿದದ್ದು ಮಂಡಳಿಯದು ಮತ್ತು ರಾಜ್ಯದ್ದು. ಬಿರುಗಾಳಿ, ಸಿಡಿಲು ಎರಡೂ ಇದರ ವ್ಯಾಪ್ತಿಯಲ್ಲಿವೆ. ಫಲಕ್ಕೆ ಬಂದ ಮರ ಕೊಡುವ ಆದಾಯದ ಮುಂದೆ ಈ ಮೊತ್ತ ಏನೂ ಅಲ್ಲ. ಅರ್ಧ ಮಾಡು ಹಾರಿದವನಿಗೆ ಭಾಗಶಃ ಹಾನಿಯ ಲೆಕ್ಕದಲ್ಲಿ ಸಿಗುವುದು ಸಣ್ಣ ಮೊತ್ತವಷ್ಟೇ, ಅಟ್ಟದಲ್ಲಿ ನೆನೆದ ಕಾಯಿಗಂತೂ ಈ ಎರಡರಲ್ಲೂ ಜಾಗವಿಲ್ಲ. ಈ ಸೀಮೆಯಲ್ಲಿ ಹೆಚ್ಚಾಗಿ ಆಗುವ ನಷ್ಟ ಇಂಥದ್ದೇ.

ಮುಂದಿನ ಕೆಲಸ

ಕೊರತೆ ಇರುವುದು ಮಾಡಿನ ಬಿಗಿತದಲ್ಲಿ, ಮತ್ತು ಅದಕ್ಕೆ ಬೇಕಾದ ಖರ್ಚು ದೊಡ್ಡದಲ್ಲ. ಶೀಟಿನ ಅಂಚಿನ ಸಾಲಿನಲ್ಲಿ ಸ್ಕ್ರೂಗಳನ್ನು ಹತ್ತಿರ ಹತ್ತಿರ ಹಾಕಿಸುವುದು, ಪ್ರತಿಯೊಂದಕ್ಕೂ ಅಗಲದ ವಾಷರ್ ಕೊಡುವುದು, ಅಡ್ಡಪಟ್ಟಿಯನ್ನು ಕಂಬಕ್ಕೆ, ಕಂಬವನ್ನು ಕಾಂಕ್ರೀಟ್ ಬುಡಕ್ಕೆ ಬಿಗಿಯುವುದು, ಸೂರನ್ನು ಉದ್ದ ಚಾಚದೆ ಇಳಿಜಾರನ್ನು ಸ್ವಲ್ಪ ಏರಿಸುವುದು, ಮಾಡಿನ ಮೇಲಿನ ಕಲ್ಲು ಇಳಿಸುವುದು. ಹೊಸ ಶೆಡ್ ಕಟ್ಟಿಸುವಾಗಲೇ ಇವನ್ನು ಮಾಡಿಸಿದರೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲಷ್ಟೇ ಹೆಚ್ಚಾಗುತ್ತದೆ. ಕೊಟ್ಟಿಗೆ, ಶೆಡ್ಡುಗಳಿಗೆ ಸಹಾಯಧನ ಕೊಡುವ ಇಲಾಖೆಗಳು ಬಿಲ್ ಪಾಸು ಮಾಡುವ ಮುನ್ನ ಈ ಬಿಗಿತವನ್ನೂ ನೋಡಲಿ. ಕೊನೇಹಳ್ಳಿಯಂಥ ಕೇಂದ್ರಗಳು ರೈತರ ಜೊತೆಗೆ ಊರಿನ ವೆಲ್ಡಿಂಗ್ ಕೆಲಸಗಾರರನ್ನೂ ಕರೆದು ಒಂದು ದಿನ ತೋರಿಸಿಕೊಡಲಿ.

ಮನೆಯವರ ಪಾಲಿನ ಕೆಲಸ ಹಳೆಯದೇ. ಹೆಂಚಿನ ಕಾಲದಲ್ಲಿ ವರ್ಷಕ್ಕೊಮ್ಮೆ ಮಾಡಿಗೆ ಕೈಯಾಡಿಸುತ್ತಿದ್ದ ಅಭ್ಯಾಸವನ್ನು ಶೀಟಿನ ಕಾಲಕ್ಕೂ ತರಬೇಕು. ಯುಗಾದಿ ಮುಗಿದ ವಾರ ಒಮ್ಮೆ ಏಣಿ ಹಾಕಿ ಹತ್ತಿ ಸಡಿಲಾದ ಸ್ಕ್ರೂಗಳನ್ನು ತಿರುಗಿಸಿ, ಮನೆಯ ಮೇಲೆ ಬಾಗಿದ ಮರದ ಬುಡ ತಟ್ಟಿ ನೋಡಿ, ಒಣಗರಿ ಇಳಿಸಿ. ತಂತಿಗೆ ತಾಗುವ ಗರಿಯನ್ನು ಮಾತ್ರ ನೀವಾಗಿ ಮುಟ್ಟಬೇಡಿ, ಬೆಸ್ಕಾಂನ 1912ಕ್ಕೆ ತಿಳಿಸಿ.