ದೂರದ ಓಟಗಾರರ ಆಹಾರ ಮತ್ತು ತೂಕ ಇಳಿಕೆ

ದೂರದ ಓಟಗಾರರ ಆಹಾರ ಮತ್ತು ತೂಕ ಇಳಿಕೆ ಎಂಬುದು ಕ್ರೀಡಾ ಪೋಷಣಶಾಸ್ತ್ರದ ಒಂದು ವಿಷಯ. 5 ಕಿ.ಮೀ.ಯಿಂದ ಹಿಡಿದು 42.195 ಕಿ.ಮೀ. ಉದ್ದದ ಮ್ಯಾರಥಾನ್‌ವರೆಗಿನ ಓಟಗಳಿಗೆ ಅಭ್ಯಾಸ ಮಾಡುವವರು, ಆ ಅಭ್ಯಾಸಕ್ಕೆ ಬೇಕಾದಷ್ಟು ಉಂಡು, ಜೊತೆಯಲ್ಲೇ ದೇಹದ ಕೊಬ್ಬನ್ನು ಕರಗಿಸಿಕೊಳ್ಳುವುದು ಹೇಗೆ ಎಂಬುದು ಇದರ ತಿರುಳು. ತೂಕ ಇಳಿಯಬೇಕಾದರೆ ಖರ್ಚಾಗುವ ಶಕ್ತಿಗಿಂತ ಸೇವಿಸುವ ಶಕ್ತಿ ಕಡಿಮೆಯಿರಬೇಕು. ಓಟ ಸಾಗಬೇಕಾದರೆ ಸ್ನಾಯುಗಳಿಗೆ ಇಂಧನ ತುಂಬಿರಬೇಕು. ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಒಂದು ಮಿತಿಯೊಳಗೆ ಹೊಂದಿಕೊಳ್ಳುತ್ತವೆ. ಆ ಮಿತಿಯನ್ನು ಮೀರಿದಾಗ ಮೊದಲು ಓಟದ ವೇಗ ಕುಗ್ಗುತ್ತದೆ. ಅನಂತರ ಮೂಳೆ, ಋತುಚಕ್ರ ಹಾಗೂ ರಕ್ತದ ಆರೋಗ್ಯ ಕೆಡುತ್ತದೆ.

ಓಟಕ್ಕೆ ತಗಲುವ ಶಕ್ತಿ

ಸಮತಟ್ಟಾದ ನೆಲದ ಮೇಲೆ ಓಡುವಾಗ ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ವೇಗ ಹೆಚ್ಚಾದರೂ ಕಡಿಮೆಯಾದರೂ ಈ ಲೆಕ್ಕ ಬಹಳವೇನೂ ಬದಲಾಗುವುದಿಲ್ಲ. ವೇಗವಾಗಿ ಓಡುವವನು ಅಷ್ಟೇ ಶಕ್ತಿಯನ್ನು ಕಡಿಮೆ ಸಮಯದಲ್ಲಿ ವ್ಯಯಿಸುತ್ತಾನೆ. 60 ಕಿ.ಗ್ರಾಂ. ತೂಕದವರು 10 ಕಿ.ಮೀ. ಓಡಿದರೆ ಸುಮಾರು 600 ಕಿಲೋಕ್ಯಾಲೊರಿ, ಮ್ಯಾರಥಾನ್ ಓಡಿದರೆ ಸುಮಾರು 2500 ಕಿಲೋಕ್ಯಾಲೊರಿ ವ್ಯಯವಾಗುತ್ತದೆ.

ಈ ಶಕ್ತಿ ಮುಖ್ಯವಾಗಿ ಎರಡು ಉಗ್ರಾಣಗಳಿಂದ ಬರುತ್ತದೆ. ಮೊದಲನೆಯದು ಕೊಬ್ಬು. ಕೃಶಕಾಯರಲ್ಲಿಯೂ ಹತ್ತಾರು ಸಾವಿರ ಕಿಲೋಕ್ಯಾಲೊರಿಗಳಷ್ಟು ಕೊಬ್ಬಿನ ಸಂಗ್ರಹವಿರುತ್ತದೆ. ಎರಡನೆಯದು ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗುವ ಗ್ಲೈಕೋಜನ್. ಅಂದರೆ ನಾವು ಉಂಡ ಅನ್ನ, ಮುದ್ದೆ, ರೊಟ್ಟಿಗಳ ಶರ್ಕರಪಿಷ್ಟದಿಂದ ದೇಹ ಕಟ್ಟಿಡುವ ಪಿಷ್ಟ. ಇದರ ಪ್ರಮಾಣ ಸೀಮಿತ. ಎಲ್ಲ ಸೇರಿ ಹೆಚ್ಚುಕಡಿಮೆ 2000 ಕಿಲೋಕ್ಯಾಲೊರಿ. ಕೊಬ್ಬು ನಿಧಾನವಾಗಿ ಉರಿಯುವ ಇಂಧನವಾದ್ದರಿಂದ, ವೇಗವಾಗಿ ಓಡಬೇಕಾದಾಗ ದೇಹ ಗ್ಲೈಕೋಜನ್ನನ್ನೇ ಹೆಚ್ಚಾಗಿ ಅವಲಂಬಿಸುತ್ತದೆ. ಮ್ಯಾರಥಾನಿನ 30 ಕಿ.ಮೀ. ದಾಟಿದ ಮೇಲೆ ಅನೇಕರ ಕಾಲುಗಳು ಸೀಸ ತುಂಬಿದಂತೆ ಭಾರವಾಗುವುದಕ್ಕೆ ಈ ಉಗ್ರಾಣ ಬರಿದಾಗುವುದೇ ಮುಖ್ಯ ಕಾರಣ.

ತೂಕ ಇಳಿಸಲೆಂದು ಅನ್ನ, ಮುದ್ದೆಗಳನ್ನು ಪೂರ್ತಿ ಬಿಟ್ಟವರು ಮೊದಲ ವಾರದಲ್ಲೇ ಒಂದೆರಡು ಕಿಲೋ ಇಳಿದೆವೆಂದು ಸಂತೋಷಪಡುವುದುಂಟು. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರಿನೊಡನೆ ಸಂಗ್ರಹವಾಗುವುದರಿಂದ, ಆ ಇಳಿಕೆಯಲ್ಲಿ ಬಹುಪಾಲು ನೀರೇ ಹೊರತು ಕೊಬ್ಬಲ್ಲ.

ಇತಿಹಾಸ

1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಓಟಗಾರರ ರಕ್ತವನ್ನು ಸ್ಯಾಮ್ಯುಯೆಲ್ ಲೆವಿನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಬಳಲಿ ಬಂದ ಹಲವರಲ್ಲಿ ಸಕ್ಕರೆಯ ಅಂಶ ಬಹಳ ಕೆಳಗಿಳಿದಿತ್ತು. ಮರುವರ್ಷ ಓಟಗಾರರಿಗೆ ಮುಂಚಿತವಾಗಿ ಶರ್ಕರಪಿಷ್ಟ ಹೆಚ್ಚಿರುವ ಆಹಾರವನ್ನೂ ಓಟದ ನಡುವೆ ಸಕ್ಕರೆ ಮಿಠಾಯಿಯನ್ನೂ ಕೊಟ್ಟು ನೋಡಲಾಯಿತು. ಅವರ ಸ್ಥಿತಿ ಉತ್ತಮವಾಗಿತ್ತು. 1960ರ ದಶಕದಲ್ಲಿ ಸ್ವೀಡನ್ನಿನ ಯೊನಾಸ್ ಬರ್ಗ್‌ಸ್ಟ್ರಮ್, ಎರಿಕ್ ಹುಲ್ಟ್‌ಮನ್ ಮೊದಲಾದವರು ಸೂಜಿಯ ಮೂಲಕ ಸ್ನಾಯುವಿನ ಚೂರನ್ನು ತೆಗೆದು ಗ್ಲೈಕೋಜನ್ನನ್ನು ನೇರವಾಗಿ ಅಳೆದರು. ಶರ್ಕರಪಿಷ್ಟ ಹೆಚ್ಚಾಗಿರುವ ಆಹಾರ ಉಂಡವರು, ಅದು ಕಡಿಮೆಯಿರುವ ಆಹಾರ ಉಂಡಾಗಿನದಕ್ಕಿಂತ ಸುಮಾರು ಮೂರು ಪಟ್ಟು ಕಾಲ ವ್ಯಾಯಾಮದ ಸೈಕಲ್ ತುಳಿಯಬಲ್ಲವರಾಗಿದ್ದರು. ಹೊಟ್ಟೆ ಖಾಲಿಯಿದ್ದಷ್ಟೂ ಓಟ ಹಗುರ ಎಂದು ಶಾಲೆಯ ಮೈದಾನಗಳಲ್ಲಿ ಇಂದಿಗೂ ಕೇಳಿಬರುವ ಮಾತಿಗೆ ಈ ಪ್ರಯೋಗಗಳಲ್ಲಿ ಆಧಾರವಿಲ್ಲ.

ಶಕ್ತಿ ಲಭ್ಯತೆ

ಓಡುತ್ತಾ ತೂಕ ಇಳಿಸುವವರಿಗೆ ಎಲ್ಲಕ್ಕಿಂತ ಉಪಯುಕ್ತವಾದ ಪರಿಕಲ್ಪನೆ ಶಕ್ತಿ ಲಭ್ಯತೆ. ದಿನದ ಆಹಾರದಿಂದ ಬಂದ ಶಕ್ತಿಯಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು, ಉಳಿದದ್ದನ್ನು ಕೊಬ್ಬುರಹಿತ ದೇಹತೂಕದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಹೃದಯದ ಬಡಿತ, ಜೀರ್ಣಕ್ರಿಯೆ, ಮೂಳೆಯ ದುರಸ್ತಿ, ಹಾರ್ಮೋನುಗಳ ಉತ್ಪತ್ತಿ ಇವೆಲ್ಲವೂ ನಡೆಯಬೇಕಾದದ್ದು ಈ ಉಳಿಕೆಯಲ್ಲಿಯೇ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆ್ಯನ್ ಲೌಕ್ಸ್ ಯುವತಿಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 45 ಕಿಲೋಕ್ಯಾಲೊರಿ ಇದ್ದಾಗ ದೇಹ ಸಮತೋಲದಲ್ಲಿತ್ತು. 30ಕ್ಕಿಂತ ಕೆಳಗಿಳಿದಾಗ ಋತುಚಕ್ರವನ್ನು ನಿಯಂತ್ರಿಸುವ ಹಾರ್ಮೋನಿನ ಸ್ರವಿಕೆ ಕೆಲವೇ ದಿನಗಳಲ್ಲಿ ಏರುಪೇರಾಯಿತು. 30 ಎಂಬುದು ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಗೆರೆಯಲ್ಲವೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಪುರುಷರಲ್ಲಿ ಅದು ಇನ್ನೂ ಕೆಳಗಿರಬಹುದು. ಆದರೂ ಲೆಕ್ಕ ಹಾಕಲು ಅದು ಒಳ್ಳೆಯ ಆರಂಭ.

ಉದಾಹರಣೆಗೆ 60 ಕಿ.ಗ್ರಾಂ. ತೂಕದ ಮಹಿಳೆಯೊಬ್ಬರ ದೇಹದಲ್ಲಿ ಕಾಲುಭಾಗ ಕೊಬ್ಬು ಇದೆಯೆಂದು ಭಾವಿಸೋಣ. ಅವರ ಕೊಬ್ಬುರಹಿತ ತೂಕ 45 ಕಿ.ಗ್ರಾಂ. ಅವರು ದಿನಕ್ಕೆ 1800 ಕಿಲೋಕ್ಯಾಲೊರಿಯ ಪಥ್ಯವನ್ನು ಹಿಡಿದಿದ್ದಾರೆ. ಓಟವಿಲ್ಲದ ದಿನ ಶಕ್ತಿ ಲಭ್ಯತೆ 1800ನ್ನು 45ರಿಂದ ಭಾಗಿಸಿದಾಗ ಬರುವ 40, ಇದರಲ್ಲಿ ದೋಷವಿಲ್ಲ. ಅದೇ ಪಥ್ಯದಲ್ಲಿ 10 ಕಿ.ಮೀ. ಓಡಿದ ದಿನ ಉಳಿಯುವುದು 1200. ಭಾಗಿಸಿದರೆ 27ಕ್ಕೂ ಕಡಿಮೆ. ತಟ್ಟೆಯಲ್ಲಿ ಏನೂ ಬದಲಾಗಿಲ್ಲ, ಆದರೂ ದೇಹ ಅರೆಹೊಟ್ಟೆಯಲ್ಲಿದೆ. ಓಟದ ದಿನಕ್ಕೂ ವಿಶ್ರಾಂತಿಯ ದಿನಕ್ಕೂ ಒಂದೇ ಪಥ್ಯವನ್ನು ಇಟ್ಟುಕೊಳ್ಳುವುದು ಈ ವಿಷಯದಲ್ಲಿ ಆಗುವ ಅತಿ ಸಾಮಾನ್ಯವಾದ ತಪ್ಪು.

ಇದೇ ಲೆಕ್ಕದಿಂದ ತೂಕ ಇಳಿಕೆಯ ಮೇಲ್ಮಿತಿಯೂ ತಿಳಿಯುತ್ತದೆ. 45ಕ್ಕೂ 30ಕ್ಕೂ ಇರುವ ಅಂತರ 15. ಅದನ್ನು 45 ಕಿ.ಗ್ರಾಂ.ನಿಂದ ಗುಣಿಸಿದರೆ ದಿನಕ್ಕೆ 675 ಕಿಲೋಕ್ಯಾಲೊರಿ. ಒಂದು ಕಿಲೋ ದೇಹಕೊಬ್ಬಿಗೆ ಸುಮಾರು 7700 ಕಿಲೋಕ್ಯಾಲೊರಿ ಎಂದು ಹಿಡಿದರೆ, ಮಿತಿಯ ಅಂಚಿನಲ್ಲೇ ನಡೆದರೂ ಈ ಮಹಿಳೆ ವಾರಕ್ಕೆ ಇಳಿಸಬಹುದಾದದ್ದು 600 ಗ್ರಾಂ ಮಾತ್ರ. ಅಂಚಿನಿಂದ ತುಸು ದೂರವಿದ್ದು 300ರಿಂದ 400 ಗ್ರಾಂ ಇಳಿಸುವುದು ವಿವೇಕ. ತಿಂಗಳಿಗೆ ಐದಾರು ಕಿಲೋ ಇಳಿಸುವ ಭರವಸೆ ಕೊಡುವ ಪಥ್ಯಗಳು ಓಟದ ಅಭ್ಯಾಸದೊಡನೆ ಹೊಂದುವುದಿಲ್ಲವೆಂಬುದಕ್ಕೆ ಈ ಗುಣಾಕಾರವೇ ಸಾಕು. ನಾರ್ವೆಯ ಇನಾ ಗಾರ್ಥೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರ ಎತ್ತುವ ವ್ಯಾಯಾಮವನ್ನೂ ಮಾಡುತ್ತಿದ್ದ ಕ್ರೀಡಾಪಟುಗಳ ಪೈಕಿ ವಾರಕ್ಕೆ ದೇಹತೂಕದ ಶೇಕಡ 0.7ರಷ್ಟು ನಿಧಾನವಾಗಿ ಇಳಿದವರು ಸ್ನಾಯುವನ್ನು ಬೆಳೆಸಿಕೊಂಡರು. ಅದರ ಎರಡು ಪಟ್ಟು ವೇಗದಲ್ಲಿ ಇಳಿದವರಿಗೆ ಆ ಲಾಭ ದೊರೆಯಲಿಲ್ಲ.

ಕೊರತೆಯ ಪರಿಣಾಮಗಳು

ಉಣಿಸಿನ ಕೊರತೆ, ಮುಟ್ಟು ನಿಲ್ಲುವುದು ಮತ್ತು ಮೂಳೆ ಸವೆಯುವುದು ಕ್ರೀಡಾಪಟುಗಳಾದ ಯುವತಿಯರಲ್ಲಿ ಒಟ್ಟಿಗೇ ಕಾಣಿಸಿಕೊಳ್ಳುವುದನ್ನು ಗಮನಿಸಿದ ಅಮೆರಿಕದ ತಜ್ಞರು 1992ರಲ್ಲಿ ಇದಕ್ಕೆ ‘ಮಹಿಳಾ ಕ್ರೀಡಾಪಟುವಿನ ತ್ರಿಕೂಟ’ ಎಂಬ ಅರ್ಥದ ಹೆಸರಿಟ್ಟರು. ಪುರುಷರೂ ಇದಕ್ಕೆ ಹೊರತಲ್ಲವೆಂದು, ಪರಿಣಾಮಗಳು ಮೂರಕ್ಕೇ ಸೀಮಿತವಲ್ಲವೆಂದು ತಿಳಿದುಬಂದ ಮೇಲೆ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ‘ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿ ಕೊರತೆ’ ಎಂಬ ವಿಶಾಲವಾದ ಹೆಸರನ್ನು ಬಳಕೆಗೆ ತಂದರು. ಈ ಹೇಳಿಕೆಯನ್ನು 2018ರಲ್ಲಿಯೂ 2023ರಲ್ಲಿಯೂ ಪರಿಷ್ಕರಿಸಲಾಗಿದೆ.

ದೇಹ ಮೊದಲು ಕೈಬಿಡುವುದು ತಕ್ಷಣ ಪ್ರಾಣಕ್ಕೆ ಅಗತ್ಯವಿಲ್ಲದ ಕೆಲಸಗಳನ್ನು. ಸಂತಾನೋತ್ಪತ್ತಿಯ ಹಾರ್ಮೋನುಗಳು ಕುಗ್ಗುತ್ತವೆ. ಸ್ತ್ರೀಯರಲ್ಲಿ ಮುಟ್ಟು ತಡವಾಗುತ್ತದೆ ಇಲ್ಲವೆ ನಿಲ್ಲುತ್ತದೆ. ಪುರುಷರಲ್ಲಿ ಟೆಸ್ಟೊಸ್ಟಿರಾನ್ ಇಳಿಯುತ್ತದೆ. ಈಸ್ಟ್ರೋಜನ್ ಕಡಿಮೆಯಾದಾಗ ಮೂಳೆಯ ಸಾಂದ್ರತೆ ತಗ್ಗುತ್ತದೆ. ಅಂತಹ ಮೂಳೆ ದಿನವೂ ಸಾವಿರಾರು ಹೆಜ್ಜೆಗಳ ಹೊಡೆತಕ್ಕೆ ಸಿಕ್ಕಿ, ಮೊಣಕಾಲಿನ ಕೆಳಗೋ ಪಾದದಲ್ಲೋ ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ. ಮೂಳೆಯ ಬಹುಪಾಲು ಹರೆಯದಲ್ಲಿಯೇ ಕಟ್ಟಿ ಮುಗಿಯುವುದರಿಂದ, ಹದಿನಾರು ಹದಿನೇಳರಲ್ಲಿ ಆದ ನಷ್ಟ ಮುಂದೆ ಪೂರ್ತಿಯಾಗಿ ತುಂಬದಿರಬಹುದು. ‘ಓಡುವ ಹುಡುಗಿಯರಿಗೆ ಮುಟ್ಟು ನಿಲ್ಲುವುದು ಸಹಜ’ ಎಂದು ತರಬೇತುದಾರರೂ ಮನೆಯ ಹಿರಿಯರೂ ಸಮಾಧಾನ ಹೇಳುವುದುಂಟು. ಅದು ಸಹಜವಲ್ಲ, ವೈದ್ಯರನ್ನು ಕಾಣಬೇಕಾದ ಸೂಚನೆ.

ಅಮೆರಿಕದ ಮೇರಿ ಕೇನ್ 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದಾಗ ಅವರಿಗೆ 17 ವರ್ಷ. ಅನಂತರ ತೂಕ ಇಳಿಸಬೇಕೆಂಬ ಒತ್ತಡದಲ್ಲಿ ತನಗೆ ಮೂರು ವರ್ಷ ಮುಟ್ಟು ನಿಂತಿತೆಂದೂ ಐದು ಮೂಳೆಗಳು ಮುರಿದವೆಂದೂ 2019ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮೂಲಕ ಬಹಿರಂಗವಾಗಿ ಹೇಳಿಕೊಂಡರು. ತೂಕ ಇಳಿದಷ್ಟೂ ವೇಗ ಹೆಚ್ಚುತ್ತದೆಂಬ ನಂಬಿಕೆಯ ಕುರಿತು ಕ್ರೀಡಾಲೋಕದಲ್ಲಿ ವ್ಯಾಪಕ ಚರ್ಚೆ ನಡೆದದ್ದು ಆಗಲೇ.

ಪದೇಪದೇ ನೆಗಡಿ, ನಿದ್ರೆಗೇಡು, ಸಿಡುಕು, ಸದಾ ಚಳಿಯೆನಿಸುವುದು, ಎಷ್ಟು ಅಭ್ಯಾಸ ಮಾಡಿದರೂ ವೇಗ ಹೆಚ್ಚದಿರುವುದು ಇತರ ಲಕ್ಷಣಗಳು. ತೂಕ ಇಳಿಯದೆ ನಿಂತಿದೆ ಎಂಬುದು ಕೊರತೆಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ದೇಹ ತನ್ನ ಖರ್ಚನ್ನೇ ಕಡಿತಗೊಳಿಸಿರಬಹುದು.

ಆಹಾರದ ಹಂಚಿಕೆ

ಆಹಾರವನ್ನು ಕಡಿಮೆ ಮಾಡುವುದಾದರೆ ಓಟದಿಂದ ದೂರವಿರುವ ಹೊತ್ತಿನಲ್ಲಿ, ವಿಶ್ರಾಂತಿಯ ದಿನಗಳಲ್ಲಿ ಮಾಡಬೇಕು. ಓಟದ ಹಿಂದುಮುಂದಿನ ಊಟವನ್ನು ಮುಟ್ಟಬಾರದು. ಕಡಿತಕ್ಕೆ ಮೊದಲು ಒಳಗಾಗಬೇಕಾದವು ಕರಿದ ತಿಂಡಿ, ಸಂಜೆಯ ಸಿಹಿ, ಪದೇಪದೇ ಕುಡಿಯುವ ಸಕ್ಕರೆ ಹಾಕಿದ ಕಾಫಿ, ಒಗ್ಗರಣೆಯ ಅಧಿಕ ಎಣ್ಣೆ ಮುಂತಾದವು; ಮುದ್ದೆಯಲ್ಲ, ಬೇಳೆಯಲ್ಲ.

ದಿನಕ್ಕೆ ಸುಮಾರು ಒಂದು ಗಂಟೆ ಅಭ್ಯಾಸ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 5ರಿಂದ 7 ಗ್ರಾಂ ಶರ್ಕರಪಿಷ್ಟ ಬೇಕೆಂಬುದು ಕ್ರೀಡಾ ಪೋಷಣಶಾಸ್ತ್ರದ ಸಾಮಾನ್ಯ ಸಲಹೆ. ಮೇಲಿನ ಉದಾಹರಣೆಯ ಮಹಿಳೆಗೆ ಇದು ಕನಿಷ್ಠ 300 ಗ್ರಾಂ, ಅಂದರೆ 1200 ಕಿಲೋಕ್ಯಾಲೊರಿ. ತೂಕ ಇಳಿಸುವಾಗ ಸ್ನಾಯು ಕರಗದಂತೆ ತಡೆಯಲು ಪ್ರೋಟೀನನ್ನು ಪ್ರತಿ ಕಿಲೋಗ್ರಾಮಿಗೆ 1.6 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಎಂದರೆ ಸುಮಾರು 96 ಗ್ರಾಂ, ಸೇವಿಸಬೇಕಾಗುತ್ತದೆ. ಶಾಕಾಹಾರಿಗಳ ಮನೆಗಳಲ್ಲಿ ಕಷ್ಟವಾಗುವುದು ಇದೇ. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆಯಿಂದ ಈ ಅಗತ್ಯ ಪೂರೈಸದು. ಗಟ್ಟಿಯಾದ ಹುಳಿ, ಹೆಸರುಬೇಳೆಯ ಕೋಸಂಬರಿ, ಹುರುಳಿ ಮತ್ತು ಕಡಲೆಯ ಉಸಲಿ, ಮೊಸರು, ಹಾಲು, ಸೋಯಾ ಇವನ್ನು ದಿನದ ಮೂರೂ ಹೊತ್ತಿಗೆ ಹಂಚಿ ಉಣ್ಣಬೇಕು. ಮೊಟ್ಟೆ, ಮೀನು ತಿನ್ನುವವರಿಗೆ ದಾರಿ ಸುಲಭ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 7 ಗ್ರಾಂ ಪ್ರೋಟೀನ್ ಹಾಗೂ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೂಳೆಯ ದೃಷ್ಟಿಯಿಂದ ರಾಗಿ ಮುದ್ದೆ, ಸೊಪ್ಪಿನ ಸಾರು ಓಟಗಾರರಿಗೆ ಒಳ್ಳೆಯ ಊಟ. ಆದರೆ ಓಟಕ್ಕೆ ಸ್ವಲ್ಪ ಮುಂಚೆ ಅದು ತಕ್ಕದ್ದಲ್ಲ. ನಾರಿನಂಶ ಹೆಚ್ಚಿರುವುದರಿಂದ ಜೀರ್ಣವಾಗಲು ಸಮಯ ಬೇಕು. ಆ ಹೊತ್ತಿಗೆ ಬಾಳೆಹಣ್ಣು, ಇಡ್ಲಿ, ತೆಳುವಾದ ಅವಲಕ್ಕಿ ಮೇಲು. ಒಂದು ಗಂಟೆಗಿಂತ ಕಡಿಮೆಯ ಓಟಕ್ಕೆ ನಡುವೆ ಏನನ್ನೂ ತಿನ್ನಬೇಕಾಗಿಲ್ಲ. ಒಂದೂವರೆ ಗಂಟೆ ಮೀರಿದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕು. 35 ಗ್ರಾಂ ಬೆಲ್ಲ ಕದಡಿ ಚಿಟಿಕೆ ಉಪ್ಪು ಹಾಕಿದ ಪಾನಕದಲ್ಲಿ 30 ಗ್ರಾಂ ದೊರೆಯುತ್ತದೆ.

ಕಬ್ಬಿಣಾಂಶಕ್ಕೂ ಗಮನ ಕೊಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅಂತಹವರು ಊಟವನ್ನೂ ಕಡಿತಗೊಳಿಸಿ ಓಡತೊಡಗಿದರೆ ಬಳಲಿಕೆ ಇಮ್ಮಡಿಯಾಗುತ್ತದೆ. ಊಟದೊಡನೆ ನಿಂಬೆರಸ ಸೇರಿಸುವುದು, ಕಾಫಿ ಟೀಗಳನ್ನು ಊಟದಿಂದ ಒಂದು ಗಂಟೆ ದೂರವಿಡುವುದು, ಕಾಳುಗಳನ್ನು ಮೊಳಕೆ ಬರಿಸುವುದು ಕಬ್ಬಿಣದ ಹೀರಿಕೆಗೆ ಸಹಾಯಕ.

ಕೀನ್ಯಾದ ಓಟಗಾರರು

ಕೀನ್ಯಾದ ಶ್ರೇಷ್ಠ ಓಟಗಾರರ ದಿನನಿತ್ಯದ ಆಹಾರ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸೊಪ್ಪು, ಹುರುಳಿಕಾಯಿಯ ಬೀಜ, ಹಾಲು, ಸಕ್ಕರೆ ಧಾರಾಳವಾಗಿ ಹಾಕಿದ ಚಹ. ಹತ್ತು ಮಂದಿ ಓಟಗಾರರ ಒಂದು ವಾರದ ಆಹಾರವನ್ನು ತೂಗಿ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಕ್ತಿಯ ಸುಮಾರು ಮುಕ್ಕಾಲು ಭಾಗ ಶರ್ಕರಪಿಷ್ಟದಿಂದಲೇ ಬರುತ್ತಿತ್ತು. ದಿನಕ್ಕೆ ಸೇವನೆ ಸುಮಾರು 3000, ಖರ್ಚು ಸುಮಾರು 3600 ಕಿಲೋಕ್ಯಾಲೊರಿ. ಈ ವ್ಯತ್ಯಾಸವನ್ನು ಮುಂದಿಟ್ಟುಕೊಂಡು ಕಡಿಮೆ ಉಣ್ಣುವುದೇ ಅವರ ಗೆಲುವಿನ ಗುಟ್ಟೆಂದು ವಾದಿಸುವುದು ಸರಿಯಲ್ಲ. ಅದು ಸ್ಪರ್ಧೆಗೆ ಮುಂಚಿನ ಒಂದು ವಾರದ ಚಿತ್ರ ಮಾತ್ರ. ಮುದ್ದೆ ತಿಂದರೆ ಓಟಗಾರ ದಪ್ಪವಾಗುತ್ತಾನೆಂಬ ಭಯಕ್ಕೆ ಇದು ಉತ್ತರವಾಗಬಲ್ಲದು.

ಹಸಿವು ಮತ್ತು ಅಳತೆಯ ತೊಡಕುಗಳು

ಬಿರುಸಾದ ಓಟದ ನಂತರ ಒಂದಷ್ಟು ಹೊತ್ತು ಹಸಿವು ಅಡಗುತ್ತದೆ. ಬೇಸಗೆಯಲ್ಲಂತೂ ಇನ್ನೂ ಹೆಚ್ಚು. ಹಸಿವಿಲ್ಲವೆಂದು ಬೆಳಗಿನ ಉಪಾಹಾರವನ್ನು ಬಿಟ್ಟವರು ರಾತ್ರಿ ಹೊತ್ತು ಹಿಡಿತ ತಪ್ಪಿ ತಿನ್ನುತ್ತಾರೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿ.ಮೀ. ಓಟದಂತಹ ಸ್ಪರ್ಧೆಗಳ ಬಳಿಕ, ಓಡಿದ್ದಕ್ಕೆ ಬಹುಮಾನವೆಂಬಂತೆ ಬೆಣ್ಣೆದೋಸೆ, ವಡೆ, ಕೇಸರಿಬಾತ್‌ಗಳನ್ನು ಒಟ್ಟಿಗೆ ತಿಂದರೆ, ಖರ್ಚಾದ 600 ಕಿಲೋಕ್ಯಾಲೊರಿ ಒಂದೇ ಕೂಟದಲ್ಲಿ ಹಿಂತಿರುಗುತ್ತದೆ.

ಕೈಗಡಿಯಾರಗಳು ತೋರಿಸುವ ಕ್ಯಾಲೊರಿ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬಾರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಏಳು ಬಗೆಯ ಸಾಧನಗಳನ್ನು ಪರೀಕ್ಷಿಸಿದಾಗ, ಶಕ್ತಿಯ ಖರ್ಚಿನ ವಿಷಯದಲ್ಲಿ ಎಲ್ಲಕ್ಕಿಂತ ನಿಖರವಾದದ್ದೂ ಸರಾಸರಿ ಶೇಕಡ 27ರಷ್ಟು ತಪ್ಪಿತ್ತು. ದೂರವನ್ನು ತೂಕದಿಂದ ಗುಣಿಸುವ ಹಳೆಯ ಲೆಕ್ಕವೇ ವಾಸಿ. ತೂಕವನ್ನು ವಾರಕ್ಕೆ ಎರಡು ಮೂರು ದಿನ ಬೆಳಿಗ್ಗೆ ಎದ್ದಕೂಡಲೇ ನೋಡಿ ಸರಾಸರಿ ತೆಗೆಯಬೇಕು. ಓಟ ಮುಗಿಸಿ ಬಂದಾಗಿನ ತೂಕ ಬೆವರಿನ ಲೆಕ್ಕವನ್ನಷ್ಟೇ ಹೇಳುತ್ತದೆ.

ವಿಶೇಷ ಸಂದರ್ಭಗಳು

ಬೆಳೆಯುವ ವಯಸ್ಸಿನ ಮಕ್ಕಳು, ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಓಟದ ನೆಪದಲ್ಲಿ ಆಹಾರವನ್ನು ಕಡಿತಗೊಳಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಓಟದ ವೇಳೆಯಲ್ಲಿಯೂ ಅನಂತರದ ರಾತ್ರಿಯಲ್ಲಿಯೂ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದಾದ್ದರಿಂದ, ಔಷಧ ಮತ್ತು ಊಟದ ಹೊಂದಾಣಿಕೆಯನ್ನು ವೈದ್ಯರೇ ನಿರ್ಧರಿಸಬೇಕು. ಏಕಾದಶಿ, ರಂಜಾನ್ ಮೊದಲಾದ ಉಪವಾಸಗಳನ್ನು ಆಚರಿಸುವವರು ಆ ದಿನಗಳಲ್ಲಿ ದೀರ್ಘ ಓಟವನ್ನು ಬಿಟ್ಟು, ಹಗುರವಾದ ನಡಿಗೆ ಅಥವಾ ಕಿರು ಓಟವನ್ನು ಉಪವಾಸ ಮುರಿಯುವ ಹೊತ್ತಿಗೆ ಹತ್ತಿರವಾಗಿ ಇಟ್ಟುಕೊಳ್ಳುವುದು ರೂಢಿ. ಮೂರು ತಿಂಗಳು ಮುಟ್ಟು ಬಾರದಿದ್ದರೆ ಅಥವಾ ಒಂದೇ ಮೂಳೆಯ ಮೇಲೆ ಒತ್ತಿದಾಗ ನೋವು ಕಾಣಿಸಿಕೊಂಡು ಓಡಿದಷ್ಟೂ ಹೆಚ್ಚುತ್ತಿದ್ದರೆ, ಓಟವನ್ನು ನಿಲ್ಲಿಸಿ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಬೇಕು.