ಪಚಡಿ ಮತ್ತು ಕೋಸಂಬರಿ: ಚಿಕ್ಕೋಡಿ ಸೀಮೆಯ ಬೇಸಿಗೆಯ ಹಸಿ ಅಡುಗೆ

ಪಚಡಿ ಮತ್ತು ಕೋಸಂಬರಿ ಹಸಿ ತರಕಾರಿ, ಸೊಪ್ಪು, ನೆನೆಸಿದ ಬೇಳೆ, ಮೊಸರು, ಶೇಂಗಾ ಪುಡಿ ಮೊದಲಾದವನ್ನು ಬೇಯಿಸದೆ ಕಲಸಿ ಉಣ್ಣುವ ವ್ಯಂಜನಗಳು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಇವು ಜೋಳದ ರೊಟ್ಟಿಯ ಊಟದ ಭಾಗ. ಬೇಳೆ ಸೇರಿದ್ದು ಕೋಸಂಬರಿ, ಬರೀ ತರಕಾರಿ ಅಥವಾ ಸೊಪ್ಪಿನದು ಪಚಡಿ ಎಂಬುದು ಸಾಮಾನ್ಯ ವಿಂಗಡಣೆ. ಮನೆಮಾತಿನಲ್ಲಿ ಇದು ಅಷ್ಟು ಕಟ್ಟುನಿಟ್ಟಲ್ಲ. ಗಜ್ಜರಿಯನ್ನು ಹೆರೆದು ಮಾಡಿದ್ದನ್ನು ಒಂದು ಮನೆಯಲ್ಲಿ ಪಚಡಿ ಎಂದರೆ ಪಕ್ಕದ ಮನೆಯಲ್ಲಿ ಕೋಸಂಬರಿ ಎನ್ನುತ್ತಾರೆ. ನಿಪ್ಪಾಣಿ ಮತ್ತು ಗಡಿಯ ಹಳ್ಳಿಗಳ ಮರಾಠಿ ಮನೆಗಳಲ್ಲಿ ಇದೇ ಅಡುಗೆಗೆ ಕೋಶಿಂಬೀರ್ ಎಂದು ಹೆಸರು.

ಸೀಮೆ ಮತ್ತು ಬಿಸಿಲು

ಈ ಐದು ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿ ಅಥವಾ ಅದರ ಸಮೀಪದಲ್ಲಿವೆ. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿಗೆ, ಕಾಗವಾಡ ಅಥಣಿ ತಾಲ್ಲೂಕಿಗೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದವು. ಮೀರಜ, ಸಾಂಗಲಿ, ಕೊಲ್ಹಾಪುರಗಳೊಂದಿಗೆ ಇಲ್ಲಿನವರ ಪೇಟೆಯ, ಬೀಗತನದ ನಂಟು ಇಂದಿಗೂ ಗಟ್ಟಿಯಾಗಿದೆ. ಹೀಗಾಗಿ ಅಡುಗೆಯನ್ನು ಇದು ಕನ್ನಡದ್ದು, ಇದು ಮರಾಠಿಯದ್ದು ಎಂದು ಗೆರೆ ಎಳೆದು ಹೇಳಲಾಗದು.

ಯಡೂರು, ಮಾಂಜರಿ, ಅಂಕಲಿ, ಕುಡಚಿ, ಉಗಾರಗಳ ಬಳಿ ಕೃಷ್ಣೆ ಹರಿಯುತ್ತಾಳೆ; ಪಶ್ಚಿಮದಲ್ಲಿ ದೂಧಗಂಗಾ, ವೇದಗಂಗಾ ನದಿಗಳಿವೆ. ನಿಪ್ಪಾಣಿ ಕಡೆ ಮಳೆ ಚೆನ್ನಾಗಿ ಬೀಳುತ್ತದೆ. ಪೂರ್ವಕ್ಕೆ ಹೋದಂತೆ ಕಡಿಮೆಯಾಗುತ್ತ ಅಥಣಿಯ ಪೂರ್ವ ಭಾಗ ಪೂರ್ತಿ ಮಳೆನೆರಳಿನ ನಾಡಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರುತ್ತದೆ. ಕೃಷ್ಣೆಯಲ್ಲಿ ನೀರು ಇಳಿದು, ಕೊಯ್ನಾ ಜಲಾಶಯದಿಂದ ನೀರು ಬಿಡಿಸಿಕೊಳ್ಳಲು ಕರ್ನಾಟಕ ಮಹಾರಾಷ್ಟ್ರಕ್ಕೆ ಕೇಳಿಕೊಳ್ಳುವ ಬೇಸಿಗೆಗಳೂ ಇವೆ.

ಇಂಥ ಬಿಸಿಲಿನಲ್ಲಿ, ತಗಡಿನ ಚಾವಣಿಯ ಅಡುಗೆಮನೆಯಲ್ಲಿ, ಕಾದ ಹಂಚಿನ ಮುಂದೆ ಕುಳಿತು ಒಂದೊಂದೇ ಜೋಳದ ರೊಟ್ಟಿ ಬಡಿದು ಬೇಯಿಸುವುದು ಕಷ್ಟದ ಕೆಲಸ. ಕುಳ್ಳು, ಹತ್ತಿ ಕಟ್ಟಿಗೆ ಉರಿಸುವ ಒಲೆಯಾದರೆ ಹೊಗೆಯೂ ಸೇರುತ್ತದೆ. ಅದಕ್ಕೇ ಇಲ್ಲಿನ ಹೆಣ್ಣುಮಕ್ಕಳು ಒಲೆಯ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸುತ್ತಾರೆ. ತೆಳ್ಳಗೆ ತಟ್ಟಿ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯನ್ನು ಒಮ್ಮೆ ಮಾಡಿಟ್ಟರೆ ಎಷ್ಟೋ ದಿನ ಕೆಡದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ ಡಬ್ಬಿಯಲ್ಲಿರುತ್ತವೆ. ಮೊಸರು ರಾತ್ರಿಯೇ ಹೆಪ್ಪಾಗಿರುತ್ತದೆ. ಮಧ್ಯಾಹ್ನ ಉಳಿಯುವ ಕೆಲಸ ಹೆಚ್ಚುವುದು ಮತ್ತು ಕಲಸುವುದಷ್ಟೇ. ಒಣ ರೊಟ್ಟಿಗೆ ಬೇಕಾದ ಹಸಿ, ಹುಳಿ, ನೀರಿನಂಶ ಮೂರನ್ನೂ ಪಚಡಿ ಕೊಡುತ್ತದೆ. ಅದನ್ನು ತಟ್ಟೆಯ ಅಂಚಿನ ಅಲಂಕಾರವೆಂದು ಎಣಿಸುವುದು ತಪ್ಪು. ಬೇಸಿಗೆಯ ಮಧ್ಯಾಹ್ನ ರೊಟ್ಟಿಗೆ ಪಲ್ಯದ ಜಾಗದಲ್ಲಿ ನಿಲ್ಲುವುದು ಅದೇ.

ಸಾಮಗ್ರಿ

ಬೇಸಿಗೆಯ ಮುಖ್ಯ ತರಕಾರಿ ಸವತಿಕಾಯಿ. ತೆಳು ಹಸಿರಿನ ಜವಾರಿ ಸವತಿಗೆ ಪೇಟೆಯ ಉದ್ದನೆಯ ತಳಿಗಿಂತ ರುಚಿ ಹೆಚ್ಚೆಂದು ಜನ ಅದನ್ನೇ ಹುಡುಕಿ ಕೊಳ್ಳುತ್ತಾರೆ. ಬಿಸಿಲು ಜೋರಾಗಿ ಬಳ್ಳಿಗೆ ನೀರು ಸಾಲದಾದಾಗ ಕಾಯಿ ಕಹಿಯಾಗುತ್ತದೆ. ಸೌತೆ ಜಾತಿಯ ಗಿಡಗಳಲ್ಲಿರುವ ಕುಕರ್ಬಿಟಾಸಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣ. ತೊಟ್ಟಿನ ತುದಿಯಲ್ಲಿ ಅದು ಹೆಚ್ಚಿರುವುದರಿಂದ ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಕಾಯಿ ಪೂರ್ತಿ ಕಹಿಯಿದ್ದರೆ ಎಸೆಯಬೇಕು. ಉಪ್ಪು, ಮೊಸರು ಹಾಕಿ ಕಹಿ ಮುಚ್ಚಿಕೊಂಡು ತಿಂದರೆ ಹೊಟ್ಟೆ ಕೆಡಬಹುದು.

ಉಳ್ಳಾಗಡ್ಡಿ ವರ್ಷವಿಡೀ ಸಿಗುತ್ತದೆ. ಗಜ್ಜರಿ, ಮೂಲಂಗಿ, ಕೋಸುಗಡ್ಡೆ, ಟೊಮ್ಯಾಟೊ ಸಂತೆಯಲ್ಲಿ ಸಿಕ್ಕಂತೆ ಸೇರುತ್ತವೆ. ಎಳೆಯ ಮುಳಗಾಯಿಯನ್ನು ಹಸಿಯಾಗಿ ಸೀಳಿ ಹಿಂಡಿ ಹಚ್ಚಿ ರೊಟ್ಟಿಯೊಂದಿಗೆ ತಿನ್ನುವುದು ಉತ್ತರ ಕರ್ನಾಟಕದ ರೂಢಿ. ಬದನೆಯನ್ನು ಬೇಯಿಸಿಯೇ ತಿನ್ನುವ ಬೇರೆ ಕಡೆಯವರಿಗೆ ಇದು ಅಚ್ಚರಿ. ಬೀಜ ಬಲಿಯದ, ಬೆರಳಿಗೆ ಗಟ್ಟಿಯಾಗಿ ಸಿಗುವ ಕಾಯಿ ಮಾತ್ರ ಇದಕ್ಕೆ ಆಗುತ್ತದೆ.

ಸೊಪ್ಪುಗಳಲ್ಲಿ ಮೊದಲ ಹೆಸರು ಮೆಂತ್ಯದ್ದು. ಬಳಿಕ ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ. ಹಕ್ಕರಕಿ ಯಾರೂ ಬಿತ್ತುವ ಬೆಳೆಯಲ್ಲ, ಹಿಂಗಾರಿ ಜೋಳದ ಕರಿನೆಲದಲ್ಲಿ ತಾನಾಗಿ ಹುಟ್ಟುವ ಕಳೆ. ಇವೆಲ್ಲ ಚಳಿಗಾಲದಲ್ಲಿ ಸೊಂಪಾಗಿ ಬರುತ್ತವೆ. ಬೇಸಿಗೆಯಲ್ಲಿ ಬಾವಿ, ಕಾಲುವೆ, ಕೊಳವೆಬಾವಿಯ ನೀರಿರುವ ಹೊಲಗಳಲ್ಲಷ್ಟೇ ಮೆಂತ್ಯ, ಕೊತ್ತಂಬರಿ ಸಿಗುತ್ತವೆ, ಹಕ್ಕರಕಿ ಕಾಣೆಯಾಗುತ್ತದೆ. ಕಬ್ಬು ಹರಡಿದ ನೀರಾವರಿ ಭೂಮಿಯಲ್ಲಿ ಹಿಂಗಾರಿ ಜೋಳ ಹಿಂದೆ ಸರಿದಿದ್ದು, ಕಳೆನಾಶಕದ ಬಳಕೆಯೂ ಬಂದದ್ದರಿಂದ ಈ ಸೊಪ್ಪು ಚಳಿಗಾಲದಲ್ಲೂ ಅಪರೂಪವಾಗುತ್ತಿದೆ. ಇದು ನಿಜವಾದ ನಷ್ಟ. ದುಡ್ಡು ಕೊಡದೆ, ಹೊಲದ ಬದುವಿನಲ್ಲಿ ಕಿತ್ತು ತಿನ್ನಬಹುದಾಗಿದ್ದ ಪೌಷ್ಟಿಕ ಸೊಪ್ಪು ಬಡವರ ತಟ್ಟೆಯಿಂದಲೇ ಮೊದಲು ಹೋಗುತ್ತದೆ.

ದಕ್ಷಿಣ ಕರ್ನಾಟಕದ ಕೋಸಂಬರಿಯಿಂದ ಇಲ್ಲಿನದನ್ನು ಬೇರೆ ಮಾಡುವುದು ಶೇಂಗಾ. ಅಲ್ಲಿ ಹಸಿ ತೆಂಗಿನತುರಿ ಬೀಳುವ ಜಾಗದಲ್ಲಿ ಇಲ್ಲಿ ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿದ ಶೇಂಗಾ ಬೀಳುತ್ತದೆ. ಒಣಹವೆಯ ಈ ಸೀಮೆಯಲ್ಲಿ ತೆಂಗಿಗಿಂತ ಎಣ್ಣೆಕಾಳು ಸುಲಭ. ಗುರೆಳ್ಳು, ಅಗಸಿಯ ಪುಡಿಗಳ ಬಳಕೆಗೂ ಇದೇ ಕಾರಣ. ಹಸಿಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ ಮೂರೂ ಅಮೆರಿಕ ಖಂಡದ ಮೂಲದವು; ಪೋರ್ಚುಗೀಸರು ಗೋವೆಗೆ ಬಂದ 16ನೆಯ ಶತಮಾನಕ್ಕೆ ಮೊದಲು ಇಲ್ಲಿ ಇರಲಿಲ್ಲ. ಅಂದರೆ ಪಚಡಿಯ ಈಗಿನ ರುಚಿ ಕೆಲವು ಶತಮಾನಗಳಷ್ಟೇ ಹಳೆಯದು. ಅದಕ್ಕೂ ಮುಂಚೆ ಖಾರಕ್ಕೆ ಮೆಣಸು, ಶುಂಠಿ, ಸಾಸಿವೆ. ಜಿಡ್ಡಿಗೆ ಎಳ್ಳು, ಗುರೆಳ್ಳುಗಳೇ ಆಧಾರ.

ಮಾಡುವ ಬಗೆ

ಸವತಿಕಾಯಿ ಪಚಡಿಗೆ ಕಾಯಿಯನ್ನು ಸಣ್ಣಗೆ ಕೊಚ್ಚಬೇಕು. ತುರಿದರೆ ನೀರೊಡೆದು ಮೆತ್ತಗಾಗುತ್ತದೆ. ಎರಡು ಮಧ್ಯಮ ಗಾತ್ರದ ಕಾಯಿಗೆ ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಎರಡು ಮೂರು ಚಮಚ ಶೇಂಗಾ ಪುಡಿ, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಸಕ್ಕರೆ ಸಾಕು. ಉಪ್ಪು ಹಾಕುವ ಹೊತ್ತು ಮುಖ್ಯ. ಉಪ್ಪು ತಗುಲಿದ ಕೂಡಲೇ ಸವತಿಕಾಯಿ ನೀರು ಬಿಡತೊಡಗುತ್ತದೆ, ಶೇಂಗಾ ಪುಡಿ ಆ ನೀರನ್ನು ಹೀರಿ ಅಂಟಾಗುತ್ತದೆ. ಆದ್ದರಿಂದ ಎರಡನ್ನೂ ಉಣ್ಣಲು ಕೂರುವಾಗಲೇ ಬೆರೆಸುತ್ತಾರೆ. ಎಣ್ಣೆ, ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಇಷ್ಟವಿದ್ದರೆ ಕೊಡಬಹುದು. ಇಡೀ ಅಡುಗೆಯಲ್ಲಿ ಬೆಂಕಿ ಬೇಕಾಗುವುದು ಆ ಒಂದು ನಿಮಿಷಕ್ಕೆ ಮಾತ್ರ. ಬೆಳಗ್ಗೆ ರೊಟ್ಟಿ ಮಾಡುವಾಗಲೇ ಒಗ್ಗರಣೆ ಮಾಡಿ ಬಟ್ಟಲಿನಲ್ಲಿ ತೆಗೆದಿಟ್ಟರೆ ಅದೂ ಉಳಿಯುತ್ತದೆ.

ಮೆಂತ್ಯ ಪಚಡಿಗೆ ಎಳೆ ಎಲೆಗಳನ್ನು ಬಿಡಿಸಿ, ತೊಳೆದು, ನೀರು ಪೂರ್ತಿ ಬಸಿದು ಹೆಚ್ಚಬೇಕು. ಉಳ್ಳಾಗಡ್ಡಿ, ಟೊಮ್ಯಾಟೊ, ಶೇಂಗಾ ಪುಡಿ, ಸ್ವಲ್ಪ ಹಸಿ ಎಣ್ಣೆ, ಕೆಂಪು ಖಾರ, ಉಪ್ಪು ಸೇರಿಸಿ ಕೈಯಿಂದ ಹಗುರಾಗಿ ಕಲಸಿದರೆ ಮೆಂತ್ಯದ ಕಹಿ ಹಿತವಾಗುತ್ತದೆ. ಇದು ಒಗ್ಗರಣೆಯನ್ನೂ ಬೇಡುವುದಿಲ್ಲ, ಕಟಕ ರೊಟ್ಟಿಯ ಜೊತೆ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿಯ ಪಚಡಿಗಳಿಗೆ ಮೊಸರು ಹೊಂದುತ್ತದೆ. ಆದರೆ ಉಳ್ಳಾಗಡ್ಡಿಯನ್ನು ಮೊಸರಿನಲ್ಲಿ ಬಹಳ ಹೊತ್ತು ಬಿಟ್ಟರೆ ರುಚಿ ಕೆಡುತ್ತದೆ.

ಹೆಸರುಬೇಳೆಯನ್ನು ಒಂದೆರಡು ತಾಸು ನೆನೆಸಿದರೆ ಕೋಸಂಬರಿಗೆ ಸಿದ್ಧ. ಕಡಲೆಬೇಳೆಗೆ ಮೂರು ನಾಲ್ಕು ತಾಸು ಬೇಕು. ನೆನೆದ ಕಡಲೆಬೇಳೆಯನ್ನು ಹಸಿಮೆಣಸಿನಕಾಯಿಯೊಂದಿಗೆ ತರಿತರಿಯಾಗಿ ರುಬ್ಬಿ, ತುರಿದ ಹುಳಿ ಮಾವಿನಕಾಯಿ, ಉಪ್ಪು, ಕೊತ್ತಂಬರಿ ಬೆರೆಸಿ, ಅರಿಶಿಣ ಇಂಗಿನ ಒಗ್ಗರಣೆ ಹಾಕಿದರೆ ಮಾವಿನಕಾಯಿ ಕೋಸಂಬರಿ. ಗಡಿಯಾಚೆ ಇದನ್ನು ಆಂಬೇ ಡಾಳ್ ಎನ್ನುತ್ತಾರೆ. ಮೊಳಕೆ ಬಂದ ಮಡಕಿ ಮತ್ತು ಹೆಸರುಕಾಳನ್ನು ಬೇಯಿಸಿ ಮಾಡುವ ಉಸಳಿ ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ಹಸಿ ಮೊಳಕೆಗೆ ನಿಂಬೆ ಹಿಂಡಿ ತಿನ್ನುವುದು ಈಚಿನದು.

ಜೈನ ಮತ್ತು ಇತರ ಮನೆಗಳ ಪದ್ಧತಿ

ಈ ಸೀಮೆಯ ಹಸಿ ಅಡುಗೆಯ ಚರ್ಚೆಯಲ್ಲಿ ಜೈನರ ಪದ್ಧತಿಯನ್ನು ಬಿಡುವಂತಿಲ್ಲ. ಸದಲಗಾ, ಭೋಜ, ಶೇಡಬಾಳ, ಉಗಾರ, ಅಥಣಿ ಸುತ್ತಿನ ಊರುಗಳಲ್ಲಿ ದಿಗಂಬರ ಜೈನ ರೈತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಆಚಾರ್ಯ ಶಾಂತಿಸಾಗರರು ಭೋಜದವರು. ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಹುಟ್ಟಿದವರು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮೂಲಂಗಿ, ಗಜ್ಜರಿಗಳನ್ನು ವ್ರತನಿಷ್ಠರು ತಿನ್ನುವುದಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಿ, ಸೂಕ್ಷ್ಮಜೀವಿಗಳ ಹಿಂಸೆಯಾಗಬಾರದೆಂದು ಸೊಪ್ಪನ್ನೂ ಬಿಡುತ್ತಾರೆ. ಕಾಯಿಸದ ಮೊಸರನ್ನು ದ್ವಿದಳ ಕಾಳಿನೊಂದಿಗೆ ಬೆರೆಸಬಾರದು ಎಂಬ ನಿಯಮವನ್ನೂ ನಿಷ್ಠಾವಂತರು ಪಾಲಿಸುವುದರಿಂದ ಅವರ ಬೇಳೆ ಕೋಸಂಬರಿಗೆ ಮೊಸರು ಬೀಳದು, ನಿಂಬೆ ಅಥವಾ ಮಾವಿನ ಹುಳಿಯೇ ಸೇರುತ್ತದೆ. ಹೀಗೆ ಉಳಿಯುವ ಸವತಿಕಾಯಿ, ಮಾವಿನಕಾಯಿ, ಕೊತ್ತಂಬರಿಗಳಿಂದಲೇ ಈ ಮನೆಗಳ ಬೇಸಿಗೆಯ ಪಚಡಿ ರೂಪುಗೊಂಡಿದೆ. ಉಳ್ಳಾಗಡ್ಡಿಯ ಖಾರ ಅಡ್ಡ ಬರದೆ ಸವತಿಯ ತಂಪು ಪೂರ್ತಿ ನಾಲಿಗೆಗೆ ಸಿಗುವುದು ಇದರಲ್ಲೇ. ಕನ್ನಡದ ಹಳೆಯ ಪಾಕಗ್ರಂಥಗಳಲ್ಲಿ ಒಂದಾದ ‘ಸೂಪಶಾಸ್ತ್ರ’ವನ್ನು 16ನೆಯ ಶತಮಾನದ ಆರಂಭದಲ್ಲಿ ಬರೆದ ಮೂರನೆಯ ಮಂಗರಸನೂ ಜೈನನೇ.

ಕುಡಚಿಯಂಥ ಊರುಗಳ ಮುಸ್ಲಿಂ ಮನೆಗಳಲ್ಲಿ ಬಿರಿಯಾನಿ, ಪಲಾವಿನ ಜೊತೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿದ ಮೊಸರು ಬರುತ್ತದೆ. ಲಿಂಗಾಯತ ಖಾನಾವಳಿಗಳಲ್ಲಿ ರೊಟ್ಟಿ ಊಟಕ್ಕೆ ಕುಳಿತವರ ಮುಂದೆ ಸವತಿ, ಗಜ್ಜರಿ, ಉಳ್ಳಾಗಡ್ಡಿ, ಮೆಂತ್ಯಗಳ ಹಸಿ ತಟ್ಟೆ ಇಡುವುದು ರೂಢಿ.

ಹಬ್ಬಗಳಲ್ಲಿ

ರಾಮನವಮಿಗೆ ಹೆಸರುಬೇಳೆ ಕೋಸಂಬರಿ ಮತ್ತು ಪಾನಕ. ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಚೈತ್ರಗೌರಿಯನ್ನು ಕೂರಿಸುವ ಮನೆಗಳಲ್ಲಿ ಒಂದು ಸಂಜೆ ಓಣಿಯ ಹೆಣ್ಣುಮಕ್ಕಳನ್ನು ಅರಿಶಿಣ ಕುಂಕುಮಕ್ಕೆ ಕರೆದು, ಮಾವಿನಕಾಯಿ ಹಾಕಿದ ಕಡಲೆಬೇಳೆ ಕೋಸಂಬರಿ, ಪಾನಕ ಕೊಟ್ಟು, ನೆನೆಸಿದ ಕಡಲೆಯಿಂದ ಉಡಿ ತುಂಬುತ್ತಾರೆ. ಬಿಸಿಲಿನ ತಿಂಗಳ ಹಬ್ಬಕ್ಕೆ ಬೇಯಿಸದ ತಿನಿಸನ್ನೇ ನೈವೇದ್ಯವಾಗಿ ಆಯ್ದ ಹಿರಿಯರ ವಿವೇಕ ಮೆಚ್ಚತಕ್ಕದ್ದು.

ಪೋಷಣೆ ಮತ್ತು ಶುಚಿತ್ವ

ಸವತಿಕಾಯಿಯಲ್ಲಿ ಶೇಕಡಾ 95ರಷ್ಟು ನೀರಿದೆ. ಹೆಸರುಬೇಳೆ ಮತ್ತು ಶೇಂಗಾದಲ್ಲಿ ಪ್ರೋಟೀನ್ ಸುಮಾರು ಶೇಕಡಾ 25. ಮಾವಿನಕಾಯಿ, ನಿಂಬೆಗಳ ಸಿ ಜೀವಸತ್ವ ಬೇಯಿಸಿದಾಗ ಸಾಕಷ್ಟು ನಾಶವಾಗುತ್ತದೆ, ಹಸಿಯಾಗಿ ತಿಂದಾಗ ಉಳಿಯುತ್ತದೆ. ಜೋಳ ಮತ್ತು ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲೂ ಅದು ನೆರವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಲು ಹೇಳುತ್ತದೆ. ಮಧ್ಯಾಹ್ನದ ಒಂದು ಬಟ್ಟಲು ಪಚಡಿಯಿಂದ ಅದರ ಒಳ್ಳೆಯ ಪಾಲು ಸಿಕ್ಕಂತೆ.

ಬೇಯಿಸದ ಅಡುಗೆಗೆ ನೀರೇ ಅಪಾಯದ ಮೂಲ. ತರಕಾರಿಯನ್ನು ಹೆಚ್ಚುವ ಮುಂಚೆ, ಕುಡಿಯಲು ಯೋಗ್ಯವಾದ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಸೊಪ್ಪನ್ನು ನೀರಿನಲ್ಲಿ ಅದ್ದಿಟ್ಟು, ಮಣ್ಣು ತಳಕ್ಕೆ ಕುಳಿತ ಮೇಲೆ ಎತ್ತಬೇಕು. ದ್ರಾಕ್ಷಿ, ಎಲೆಕೋಸುಗಳಂತೆ ಔಷಧಿ ಹೊಡೆದು ಬೆಳೆಯುವವುಗಳಿಗೆ ಹೆಚ್ಚು ಜಾಗ್ರತೆ ಬೇಕು. ಎಲೆಕೋಸಿನ ಹೊರ ಎಸಳುಗಳನ್ನು ತೆಗೆದುಹಾಕುವುದು ಒಳ್ಳೆಯದು. ಅಥಣಿಯ ಬಿಸಿಲಿನಲ್ಲಿ ಕಲಸಿಟ್ಟ ಪಚಡಿ ಒಂದೆರಡು ತಾಸಿಗಿಂತ ಹೆಚ್ಚು ಉಳಿಯದು, ಸಂಜೆಗೆ ಬೇಕೆಂದರೆ ಹೊಸದಾಗಿ ಕಲಸಬೇಕು. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಮೊಳಕೆಕಾಳನ್ನು ಉಗಿಯಲ್ಲಿ ಬೇಯಿಸಿಯೇ ತಿನ್ನಬೇಕು.

ಜೂನ್ ಮೊದಲ ವಾರದ ಕೊನೆಗೆ ಮಿರಗ (ಮೃಗಶಿರಾ) ಮಳೆ ಹಿಡಿದರೆ ಹೊಳೆಗೆ ಕೆಂಪು ನೀರು ಬರುತ್ತದೆ, ಸೊಪ್ಪಿಗೆ ಕೆಸರು ಸಿಡಿದು ಹುಳು ಬೀಳುತ್ತದೆ. ಅಲ್ಲಿಂದ ನೆಲ ಆರುವವರೆಗೆ ಸೊಪ್ಪನ್ನು ಹಸಿಯಾಗಿ ತಿನ್ನದೆ, ಬೇಯಿಸಿ ಪಲ್ಯ ಮಾಡಿಕೊಳ್ಳುವುದೇ ಕ್ಷೇಮ.